ಎಡಗಡೆಯ ಸದ್ದು

ಕಿವಿಯಪ್ಪನಿಗೆ ಮೊದಲು ಅನುಮಾನ ಬಂದದ್ದು ಡ್ರೈವರ್ ಮೇಲೆ. ಕಾರು ಓಡಿಸುವವನಲ್ಲ, ಕಂಪ್ಯೂಟರಿನೊಳಗೆ ಕೂತು ಸದ್ದನ್ನು ಹೆಡ್‌ಫೋನಿಗೆ ದಾಟಿಸುವ ತಂತ್ರಾಂಶ. ರೇಡಿಯೋ ನಾಟಕಗಳ ಮಾತು, ಹೆಜ್ಜೆ ಸಪ್ಪಳ, ಬಾಗಿಲ ಕಿರುಗುಟ್ಟುವಿಕೆ ಎಲ್ಲವನ್ನೂ ಬೆರೆಸಿ ಹದ ಮಾಡುವುದು ಕಿವಿಯಪ್ಪನ ಕಸುಬು. ಸ್ಟುಡಿಯೋದವರು ಅವನಿಗೆ ಕಿವಿಯಪ್ಪ ಎಂಬ ಅಡ್ಡಹೆಸರು ಇಟ್ಟದ್ದೂ ಅದಕ್ಕೇ. ಈಗ ನೋಡಿದರೆ ಎಡಗಡೆಯ ಸದ್ದು ಸೊರಗಿಹೋಗಿತ್ತು.

ಇದು ಯಾರ ಕೆಲಸ? ಇನ್ಯಾರದು, ಹೆಂಡತಿಯ ತಮ್ಮನದು! "ಪುಕ್ಕಟೆ ಭಾವ, ವೈರಸ್ ಕಾಟಾನೂ ಇಲ್ಲ" ಎಂದು ಕಂಪ್ಯೂಟರಿನ ಹಳೆ ವ್ಯವಸ್ಥೆ ಕಿತ್ತು ಲಿನಕ್ಸ್ ಹಾಕಿಕೊಟ್ಟು ಹೋದ ಪುಣ್ಯಾತ್ಮ. ಮೊದಮೊದಲು ಸದ್ದೇ ಇರಲಿಲ್ಲ. ಆಮೇಲೆ ಮೈಕು ಚುಚ್ಚಿದರೆ ಸ್ಪೀಕರ್ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಅಪ್‌ಡೇಟ್ ಬಂದಾಗಲೆಲ್ಲ ಸೆಟ್ಟಿಂಗುಗಳು ಮಾಯ. ಇಂಟರ್ನೆಟ್ಟಿನ ಫೋರಂನಲ್ಲಿ ಕೇಳಿದರೆ ಒಬ್ಬ 'ಸೆಟ್ಟಿಂಗಿನ ಆ ಸಾಲು ಅಳಿಸು' ಅನ್ನುತ್ತಿದ್ದ, ಇನ್ನೊಬ್ಬ 'ಅಳಿಸಿದರೆ ಕೆಟ್ಟೆ' ಅನ್ನುತ್ತಿದ್ದ. ಇಂಥದ್ದನ್ನು ನಂಬುವುದಾದರೂ ಹೇಗೆ? ಕೊನೆಗೆ ಕಿವಿಯಪ್ಪ ತಾನೇ ಎಡಗಡೆಯ ಸದ್ದನ್ನು ಏರಿಸಿ ನಾಟಕ ಕಳಿಸಿಬಿಟ್ಟ.

ನಾಟಕದ ನಿರ್ದೇಶಕಿ ಫೋನು ಮಾಡಿದಳು. "ಎಡಗಡೆ ಕಿರುಚ್ತಿದೆ ರೀ. ಸಂಜೆಯೊಳಗೆ ಸರಿ ಮಾಡಿ ಕಳ್ಸಿ. ಇಲ್ದಿದ್ರೆ ಮುಂದಿನ ಸರಣಿ ಬೇರೆಯವರಿಗೆ ಕೊಡ್ತೀನಿ, ಬೇಜಾರು ಮಾಡ್ಕೋಬೇಡಿ."

ಓಹೋ, ವಿಷಯ ಹೀಗೋ! ಅವಳ ಚಿಕ್ಕಪ್ಪನ ಮಗ ಹೊಸ ಸ್ಟುಡಿಯೋ ತೆರೆದಿದ್ದಾನಲ್ಲ! ಕಿವಿಯಪ್ಪ ಹಲ್ಲು ಕಡಿದ. ಏರಿಸಿದ್ದನ್ನೆಲ್ಲ ಇಳಿಸಿ ಮತ್ತೆ ಕೇಳಿದ. ಎಡಗಡೆ ಮತ್ತೆ ಸೊರಗಿತು. ಭಾಮೈದನಿಗೆ ಫೋನು ಹಚ್ಚಿದ.

"ನಿಮ್ಮ ಕಂಪ್ಯೂಟರನ್ನ ಇಲ್ಲಿಂದಲೇ ನೋಡ್ತಿದ್ದೀನಿ ಭಾವ, ಎರಡೂ ಕಡೆ ಸಮ ತೋರಿಸ್ತಿದೆ."

"ತೋರಿಸಿದ್ರೆ ಸಾಲದಪ್ಪಾ, ಕೇಳಿಸ್ಬೇಕು!"

ಕೂಗಾಟಕ್ಕೆ ಹೆಂಡತಿ ಬಂದಳು. ಹೆಡ್‌ಫೋನ್ ಕಸಿದುಕೊಂಡು ತಾನೇ ಹಾಕಿಕೊಂಡಳು.

"ಎರಡೂ ಕಡೆ ಚೆನ್ನಾಗೇ ಕೇಳ್ತಿದೆಯಲ್ರೀ."

"ನಿನ್ನ ತಮ್ಮ ತಾನೇ, ಬಿಟ್ಟುಕೊಡ್ತೀಯಾ?"

"ಅಯ್ಯೋ ನಿಮ್ಮ ತಲೆ! ಸರಿಯಾಗಿ ಕೇಳಿ" ಎಂದು ಸಿಟ್ಟಿನಲ್ಲಿ ಅದನ್ನು ಅವನ ತಲೆಗೆ ಒತ್ತಿದಳು. ಆ ಭರದಲ್ಲಿ ಹೆಡ್‌ಫೋನ್ ತಿರುಗುಮುರುಗಾಗಿತ್ತು, ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ.

ನಾಟಕದಲ್ಲಿ ಎಡಗಡೆಯಿಂದ ತಾಯಿ ಮಗಳನ್ನು ಕರೆಯುತ್ತಾಳೆ. ಇಷ್ಟು ದಿನ ಕ್ಷೀಣವಾಗಿದ್ದ ಆ ದನಿ ಈಗ ಬಲಗಿವಿಯಲ್ಲಿ ಸ್ಪಷ್ಟವಾಗಿ ಮೊಳಗಿತು. ಬಲಗಡೆಯ ಮಗಳ ಉತ್ತರ ಈಗ ಎಡಗಿವಿಯಲ್ಲಿ ಗೋಡೆಯಾಚೆಯಿಂದ ಬಂದಂತಿತ್ತು.

ಅವನು ಹೆಡ್‌ಫೋನ್ ತೆಗೆದ. ಬಲಗಿವಿಯ ಹತ್ತಿರ ಬೆರಳು ಉಜ್ಜಿದ, ಸರಸರ ಕೇಳಿಸಿತು. ಎಡಗಿವಿಯ ಹತ್ತಿರ ಉಜ್ಜಿದ. ಇನ್ನೂ ಜೋರಾಗಿ ಉಜ್ಜಿದ. ಡ್ರೈವರ್ ಅಲ್ಲ, ಭಾಮೈದನಲ್ಲ, ಆ ಚಿಕ್ಕಪ್ಪನ ಮಗನೂ ಅಲ್ಲ. ಮಂದವಾದದ್ದು ಅವನ ಎಡಗಿವಿ. ಈ ಕಿವಿಯೇ ಅಲ್ಲವೇ ಅವನ ಅನ್ನ!

"ಯಾವಾಗಿಂದ ರೀ?" ಹೆಂಡತಿಯ ದನಿ ಇಳಿದಿತ್ತು.

"ಗೊತ್ತಿಲ್ಲ ಕಣೆ. ಎಲ್ಲರ ಮೇಲೂ ಅನುಮಾನಪಟ್ಟೆ."

"ಏಳಿ, ಡಾಕ್ಟರ ಹತ್ರ ಹೋಗೋಣ."

"ಹೋಗೋಣ. ಮೊದಲು ಈ ನಾಟಕ ಹೋಗ್ಲಿ."

ಅವನು ಇನ್ನೊಂದು ಕುರ್ಚಿ ಎಳೆದು ಅವಳನ್ನು ಕೂರಿಸಿದ. ನಾಟಕವನ್ನು ಮೊದಲಿಂದ ಹಚ್ಚಿ, ಹೆಡ್‌ಫೋನನ್ನು ತಾನೇ ಅವಳ ಕಿವಿಗೆ ಸರಿಯಾಗಿ ಕೂರಿಸಿದ.

"ತಾಯಿ ಹತ್ತಿರ ಇದ್ದಾಳಾ, ದೂರ ಇದ್ದಾಳಾ?" ಅಂದ. "ನೀನು ಹೇಳಿದ್ದೇ ನಂಬ್ತೀನಿ."