ಎರಡನೇ ಸಲ ಹಾಡುವವರು

ವೈಕುಂಠ ಏಕಾದಶಿಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ನಮ್ಮ ನಡುಮನೆಯಲ್ಲಿ ಎಂಟು ಜನ ಹೆಂಗಸರು ಚಾಪೆಯ ಮೇಲೆ ಕೂತು ಒಂದು ಪ್ರಿಂಟರನ್ನು ನೋಡುತ್ತಿದ್ದರು. ಪ್ರಿಂಟರು ಏನೂ ಮಾಡುತ್ತಿರಲಿಲ್ಲ. ಅದರ ನೀಲಿ ದೀಪ ಮಾತ್ರ ಮಿನುಗುತ್ತಿತ್ತು. ದೀಪ ಮಿನುಗಿದರೆ ಹುಡುಕುತ್ತಿದೆ ಎಂದು ಅರ್ಥ, ನಿಂತು ಬೆಳಗಿದರೆ ಸಿಕ್ಕಿತು ಎಂದು ಅರ್ಥ. ಹಾಗೆಂದು ನನ್ನ ಸೊಸೆ ಶ್ಯಾಮಲ ವಿವರಿಸಿದಳು.

"ಏನನ್ನ ಉಡುಕ್ತೈತೆ?" ಎಂದಳು ಪಕ್ಕದ ಮನೆಯ ಮುನಿಲಕ್ಷ್ಮಿ.

"ಹಳೇ ವೈಫೈ ಪೆಟ್ಗೇನ."

"ಅದು ಕೆಟ್ಟೋಯ್ತಲ್ಲ?"

"ಕೆಟ್ಟೋಯ್ತು. ಇದುಕ್ಕೆ ಗೊತ್ತಿಲ್ಲ."

"ಪಾಪ," ಎಂದಳು ಮುನಿಲಕ್ಷ್ಮಿ.

ಹಳೆಯ ಪೆಟ್ಟಿಗೆಯೊಳಗೆ ಇರುವೆ ಗೂಡು ಕಟ್ಟಿದ್ದರಿಂದ ಬಂಗಾರಪೇಟೆಯ ಕೇಬಲ್ ವೆಂಕಿ ಹದಿನೈದು ದಿನದ ಹಿಂದೆ ಬಂದು ಹೊಸದನ್ನು ಗೋಡೆಗೆ ಕೂರಿಸಿದ್ದ. ಆ ಹೊತ್ತಿನಲ್ಲಿ ನಾನು ಕೊಟ್ಟಿಗೆಯಲ್ಲಿದ್ದೆ. ಶ್ಯಾಮಲ ಡೈರಿಗೆ ಹಾಲು ಹಾಕಲು ಹೋಗಿದ್ದಳು. ಮಗ ನಾಗೇಶ್ ಎಂದಿನಂತೆ ಬೆಳಗಿನ ರೈಲು ಹಿಡಿದು ಫ್ಯಾಕ್ಟರಿಗೆ ಹೋಗಿಯಾಗಿತ್ತು. ಅವನ ಫೋನಿಗೆ ಕಂಪನಿಯವರೇ ನೆಟ್ ಹಾಕಿಸುತ್ತಾರೆ, ಮನೆಯ ಪೆಟ್ಟಿಗೆಯ ಹಂಗಿಲ್ಲ. ವೆಂಕಿ, ಚಾರ್ಜಿಗೆ ಹಾಕಿದ್ದ ಶ್ಯಾಮಲಳ ಫೋನಿಗೆ ತಾನೇ ಪಾಸ್‌ವರ್ಡ್ ಒತ್ತಿ, ಮನೆಯಲ್ಲಿದ್ದ ಒಬ್ಬರಿಗೆ ಅದನ್ನು ಹೇಳಿ ಹೋದ. ಆ ಒಬ್ಬರು ನನ್ನ ಹೆಂಡತಿ ಅಕ್ಕಯ್ಯಮ್ಮ. ಬೀರುವಿನ ಮೇಲೆ ಬಟ್ಟೆ ಹೊದ್ದು ಕೂತಿದ್ದ ಪ್ರಿಂಟರನ್ನು ಅವನಿಗೆ ಯಾರೂ ತೋರಿಸಲಿಲ್ಲ.

"ಬರ್ಕೊಳ್ಳಮ್ಮ," ಎಂದನಂತೆ ವೆಂಕಿ.

"ಯೋಳಪ್ಪ, ಇಟ್ಕೋತೀನಿ," ಎಂದಳಂತೆ ಇವಳು.

ಅವಳಿಗೆ ಅಕ್ಷರ ಬರುವುದಿಲ್ಲ. ಆದರೆ ಇಟ್ಟುಕೊಳ್ಳುತ್ತಾಳೆ. ನಮ್ಮ ನಾಲ್ಕು ಹಸುಗಳ ಕಿವಿಗೆ ಹಾಕಿರುವ ಹಳದಿ ಬಿಲ್ಲೆಗಳ ಹನ್ನೆರಡು ಹನ್ನೆರಡು ಅಂಕಿಗಳು ಅವಳಿಗೆ ನಾಲ್ಕು ಬೇರೆ ಬೇರೆ ಭಜನೆಯ ಧಾಟಿಯಲ್ಲಿ ಬರುತ್ತವೆ. ವಿಮೆಯವನು ಬಂದಾಗ ಬೆಳ್ಳಿ ಹಸುವಿನ ನಂಬರನ್ನು ತಾಳ ಹಾಕಿಕೊಂಡು ಹೇಳಿದಳು. ಅವನು ಬಿಲ್ಲೆ ನೋಡಲು ಕೊಟ್ಟಿಗೆಗೆ ಹೋಗಲೇ ಇಲ್ಲ.

ಹಾಗಾಗಿ ಪಾಸ್‌ವರ್ಡ್ ಎಲ್ಲಿದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಅದು ಅಕ್ಕಯ್ಯಮ್ಮನ ಗಂಟಲಿನಲ್ಲಿತ್ತು. ತೊಂದರೆಯೆಂದರೆ, ಪೆಟ್ಟಿಗೆ ಬದಲಾದ ಮಾರನೇ ದಿನವೇ ಕೋಲಾರದ ಡಾಕ್ಟರು ಆ ಗಂಟಲಿನಿಂದ ಕಡಲೆಕಾಳಿನಷ್ಟು ಒಂದು ಗಂಟನ್ನು ತೆಗೆದಿದ್ದರು. ಇಪ್ಪತ್ತೊಂದು ದಿನ ಮೌನ. ಪಿಸುಮಾತೂ ಕೂಡದು, ಪಿಸುಮಾತು ಇನ್ನೂ ಕೆಟ್ಟದ್ದು, ಮೀರಿದರೆ ದನಿ ಮರಳಿ ಬರುತ್ತದೆಂದು ನಾನು ಹೇಳಲಾರೆ ಎಂದಿದ್ದರು. ಇವತ್ತಿಗೆ ಹದಿನಾಲ್ಕು ದಿನ.

ಮತ್ತು ಇವತ್ತು ಸಂಜೆ ನಾಲ್ಕಕ್ಕೆ ರಾಬರ್ಟ್‌ಸನ್‌ಪೇಟೆಯ ದೇವಸ್ಥಾನದಲ್ಲಿ ನಮ್ಮೂರ ಹೆಂಗಸರ ಭಜನೆ. ಹನ್ನೊಂದು ವರ್ಷ ಕೇಳಿಕೊಂಡ ಮೇಲೆ ಸಿಕ್ಕಿದ ಅರ್ಧ ಗಂಟೆ. ಅಲ್ಲಿ ಹಾಡಬೇಕಾದದ್ದು ಕರುವಿನ ಹಾಡು. ಕಾಡಿನಲ್ಲಿ ತಪ್ಪಿಸಿಕೊಂಡ ಒಂದು ಕರುವನ್ನು ರಂಗ ಹುಡುಕಿಕೊಂಡು ಹೋಗುವ ಮೂವತ್ತೊಂದು ನುಡಿಯ ಹಾಡು ಅದು. ಅಕ್ಕಯ್ಯಮ್ಮನಿಗೆ ಅವಳ ತಾಯಿಯಿಂದ ಬಂದದ್ದು, ತಾಯಿಗೆ ಎಲ್ಲಿಂದ ಬಂತೋ ತಿಳಿಯದು. ನಮ್ಮ ಸುತ್ತಿನಲ್ಲಿ ಬೇರೆ ಯಾರಿಗೂ ಬರುವುದಿಲ್ಲ. ಶ್ಯಾಮಲಳೂ ಸೇರಿ ಈ ಎಂಟು ಜನರಿಗೆ ಬರುವುದಿಲ್ಲವೇ ಎಂದರೆ, ಬರುತ್ತದೆ, ಎರಡನೇ ಸಲಕ್ಕೆ. ಅಕ್ಕಯ್ಯಮ್ಮ ಸಾಲನ್ನು ಕೊಡುತ್ತಾಳೆ, ಇವರು ಅದನ್ನೇ ತಿರುಗಿ ಹಾಡುತ್ತಾರೆ. ಕೊಡುವವರು ಇಲ್ಲದಿದ್ದರೆ ತಿರುಗಿ ಹಾಡಲು ಏನೂ ಇಲ್ಲ.

ಅದಕ್ಕೇ ಆಪರೇಷನ್ನಿಗೆ ಮುಂಚಿನ ಮೂರು ಸಂಜೆ ಅಕ್ಕಯ್ಯಮ್ಮ ಅಡುಗೆಮನೆಯಲ್ಲಿ ಕೂತು ಹಾಡು ಹೇಳಿದ್ದಳು, ಶ್ಯಾಮಲ ಒಲೆಯ ಮುಂದೆ ನಿಂತೇ ಫೋನಿನಲ್ಲಿ ಬೆರಳಚ್ಚು ಮಾಡಿಕೊಂಡಿದ್ದಳು. ಮಧ್ಯೆ ಒಮ್ಮೆ ಹಾಲು ಉಕ್ಕಿತು. ಉಳಿದಂತೆ ಎಲ್ಲ ಸರಿಯಾಗಿ ನಡೆಯಿತು. ಮೊದಲೇ ಮುದ್ರಿಸಿದರೆ ಹಾಳೆ ಕಳೆದುಹೋಗುತ್ತದೆಂದು ಏಕಾದಶಿಯ ದಿನವೇ ಮುದ್ರಿಸುವುದೆಂದು ತೀರ್ಮಾನವಾಗಿತ್ತು.

ಈಗ ಪ್ರಿಂಟರು ಮಿನುಗುತ್ತಿತ್ತು. ಟೆಂಪೊ ಎರಡು ಗಂಟೆಗೆ ಬರುವುದಿತ್ತು. ವೆಂಕಿ ಮಾಲೆ ಹಾಕಿ ಶಬರಿಮಲೆಗೆ ಹೋಗಿದ್ದ, ಫೋನು ಆಫ್. ಶ್ಯಾಮಲಳ ಫೋನು ಪಾಸ್‌ವರ್ಡನ್ನು ಚುಕ್ಕಿಗಳಾಗಿ ಮಾತ್ರ ತೋರಿಸುತ್ತಿತ್ತು. ಬಂಗಾರಪೇಟೆಯಲ್ಲಿ ಲೈನು ದುರಸ್ತಿಯೆಂದು ಐದು ಗಂಟೆಯವರೆಗೆ ಕರೆಂಟು ಇರಲಿಲ್ಲ, ಆದ್ದರಿಂದ ಜೆರಾಕ್ಸ್ ಅಂಗಡಿಗಳೂ ಇರಲಿಲ್ಲ. ದೇವಸ್ಥಾನದೊಳಗೆ ಫೋನು ಬಿಡುವುದಿಲ್ಲ, ಬಿಟ್ಟರೂ ಅದರ ಅಕ್ಷರ ಈ ಹೆಂಗಸರ ಕನ್ನಡಕಕ್ಕೆ ಎಟುಕುವಂಥದ್ದಲ್ಲ. ಪ್ರಿಂಟರಿನ ಜೊತೆ ತಂತಿ ಬಂದಿರಲಿಲ್ಲ. ತಂತಿಯಿಲ್ಲದಿರುವುದೇ ಅದರ ಹೆಚ್ಚುಗಾರಿಕೆ ಎಂದು ನಾಗೇಶ್ ತಂದ ದಿನ ಹೇಳಿದ್ದ.

"ಅತ್ತೆ," ಎಂದಳು ಶ್ಯಾಮಲ, "ಎಷ್ಟು ಅಂಕಿ ಯೋಳಿದ್ದು ವೆಂಕಿ?"

ಅಕ್ಕಯ್ಯಮ್ಮ ಕೈ ಅಲ್ಲಾಡಿಸಿದಳು. ಎಷ್ಟು ಎಂದು ಅವಳು ಎಣಿಸಿದವಳಲ್ಲ. ಧಾಟಿ ಗೊತ್ತು, ಅಷ್ಟೆ.

"ಮನಸ್ನಲ್ಲೇ ಹಾಡ್ಕೊಂಡು ಬೆರಳಲ್ಲಿ ತೋರ್ಸಿ."

ಅಕ್ಕಯ್ಯಮ್ಮ ಕಣ್ಣು ಮುಚ್ಚಿದಳು. ಎಡಗೈ ತೊಡೆಯ ಮೇಲೆ ತಾಳ ಹಾಕತೊಡಗಿತು. ಬಲಗೈಯ ನಾಲ್ಕು ಬೆರಳು ಎದ್ದವು. ಆಮೇಲೆ ಒಂದು. ಆಮೇಲೆ ಎರಡೂ ಕೈ ಸೇರಿ ಒಂಬತ್ತು, ಏಳು. ಮತ್ತೆ ನಾಲ್ಕು, ಒಂದು, ಒಂಬತ್ತು, ಏಳು. ತುಸು ಉಸಿರು. ಎರಡು, ಎರಡು, ಐದು, ಮೂರು. ಮತ್ತೆ ಎರಡು, ಎರಡು, ಐದು, ಮೂರು. ಕಣ್ಣು ಬಿಟ್ಟಳು.

ಪಿಯುಸಿವರೆಗೆ ಓದಿದ್ದ ಸುಕನ್ಯ ಕ್ಯಾಲೆಂಡರಿನ ನವೆಂಬರ್ ಹಾಳೆಯ ಹಿಂದೆ ಬರೆದುಕೊಂಡಿದ್ದಳು. "ಅದಿನಾರು," ಎಂದಳು.

"ಅಷ್ಟುದ್ದಾನಾ?" ಎಂದಳು ಮುನಿಲಕ್ಷ್ಮಿ. "ಮನೇಲಿರೋದು ನಾಕು ಹಸ, ಒಂದು ಮಿಕ್ಸಿ. ಯಾವೋನು ಕದೀತಾನೆ?"

"ಉದ್ದ ಇದ್ದಷ್ಟೂ ಭದ್ರ ಕಣಕ್ಕ."

ಪ್ರಿಂಟರಿನ ಮೇಲೆ ಬೆರಳಗಲದ ಒಂದು ಪರದೆ, ಎರಡು ಬಾಣ, ಒಂದು ಗುಂಡಿ ಇದ್ದವು. ಬಾಣ ಒತ್ತಿದರೆ ಇಂಗ್ಲಿಷ್ ಅಕ್ಷರಗಳು ಒಂದೊಂದಾಗಿ ಬರುತ್ತವೆ, ದೊಡ್ಡವು ಇಪ್ಪತ್ತಾರು, ಚಿಕ್ಕವು ಇಪ್ಪತ್ತಾರು, ಅವು ಮುಗಿದ ಮೇಲೆ ಅಂಕಿ. ಒಂದು ಅಂಕಿ ಸಿಕ್ಕಿ ಗುಂಡಿ ಒತ್ತಿದರೆ ಮತ್ತೆ ಮೊದಲಿನಿಂದ. ಶ್ಯಾಮಲ ಒತ್ತಿದಳು. ಉಳಿದ ಹೆಂಗಸರು ಕತ್ತು ಮುಂದೆ ಚಾಚಿ ನೋಡಿದರು. ಉಪವಾಸದ ದಿನವಾದ್ದರಿಂದ ಕಾಫಿಯ ಮಾತೂ ಇರಲಿಲ್ಲ. ಹದಿನಾರನೆಯದನ್ನು ಒತ್ತುವ ಹೊತ್ತಿಗೆ ಹನ್ನೊಂದೂಮುಕ್ಕಾಲು.

ಪರದೆ ಸ್ವಲ್ಪ ಹೊತ್ತು ಯೋಚಿಸಿತು. ಆಮೇಲೆ ಪಾಸ್‌ವರ್ಡ್ ತಪ್ಪು ಎಂದಿತು.

"ಒಂಬತ್ತೋ ಅತ್ತೋ ನೋಡ್ರಿ ಸರಿಯಾಗಿ," ಎಂದು ಯಾರೋ ಅಂದರು. ಅಕ್ಕಯ್ಯಮ್ಮನಿಗೆ ಸಿಟ್ಟು ಬಂತು. ಮಡಚಿದ ಒಂದು ಹೆಬ್ಬೆರಳನ್ನು ಎಲ್ಲರ ಮುಖದ ಮುಂದೂ ಹಿಡಿದು ತೋರಿಸಿದಳು. ಮತ್ತೆ ಮೊದಲಿನಿಂದ ಎಲ್ಲವನ್ನೂ ತೋರಿಸಿದಳು. ಅದೇ ಹದಿನಾರು. ಈ ಸಲ ಸುಕನ್ಯ ಎಡಗಡೆಯ ಬಾಣ ಒತ್ತಿದರೆ ಅಂಕಿಗಳೇ ಮೊದಲು ಬರುತ್ತವೆಂದು ಕಂಡುಹಿಡಿದಳು. ಯಾರೂ ಅವಳನ್ನು ಹೊಗಳಲಿಲ್ಲ. ಬೇಗನೆ ಮುಗಿಯಿತು, ಬೇಗನೆ ತಪ್ಪು ಎಂದಿತು.

ಹನ್ನೆರಡೂವರೆ ಆಯಿತು.

"ದೇವಸ್ಥಾನದವರಿಗೆ ಫೋನ್ ಮಾಡಿ ಈ ಸಲ ಆಗಲ್ಲ ಅಂತ ಯೋಳ್ಬುಡಾನ," ಎಂದಳು ಮುನಿಲಕ್ಷ್ಮಿ, ಯಾರನ್ನೂ ನೋಡದೆ.

ಆಗ ಅಕ್ಕಯ್ಯಮ್ಮ ಬೆನ್ನು ನೆಟ್ಟಗೆ ಮಾಡಿ ಉಸಿರು ತೆಗೆದುಕೊಂಡಳು. ನಾನು ಹಾಡುವವನಲ್ಲ. ಭಜನೆ ಎಲ್ಲಿದ್ದರೂ ಕಂಬಕ್ಕೆ ಒರಗಿ ಕೇಳುವವನು. ನಲವತ್ತನಾಲ್ಕು ವರ್ಷದಿಂದ ಕೇಳುತ್ತಿದ್ದೇನೆ. ಅದು ಯಾವ ಉಸಿರು ಎಂದು ನನಗೆ ಗೊತ್ತು. ಮೊದಲ ಸಾಲಿಗೆ ಮುಂಚಿನದು.

ಶ್ಯಾಮಲ ಅವಳ ಬಾಯಿಗೆ ಅಂಗೈ ಅಡ್ಡ ಇಟ್ಟಳು. "ಬ್ಯಾಡ ಅತ್ತೆ. ಇವತ್ತು ಓದ್ರೆ ಓಗ್ಲಿ. ಮುಂದಿನ ವರ್ಸ ಬತ್ತೈತೆ."

ಅಕ್ಕಯ್ಯಮ್ಮ ಆ ಕೈಯನ್ನು ಮೆಲ್ಲಗೆ ತೆಗೆದು ಸೊಸೆಯ ಮಡಿಲಲ್ಲಿ ಇಟ್ಟಳು.

"ತಡಿ," ಎಂದೆ ನಾನು. "ಇನ್ನೊಂದ್ಸಲ ಬೆರಳಲ್ಲೇ ಯೋಳು."

ಎಲ್ಲರೂ ತಿರುಗಿ ನನ್ನನ್ನು ನೋಡಿದರು. ನಾನು ಅಲ್ಲಿರುವುದು ಅವರಿಗೆ ಮರೆತುಹೋಗಿತ್ತು. ಅಕ್ಕಯ್ಯಮ್ಮ ನನ್ನತ್ತ ಬೀರಿದ ನೋಟವನ್ನು ಬರೆಯಲಾರೆ. ಆದರೂ ಕಣ್ಣು ಮುಚ್ಚಿದಳು.

ಈ ಸಲ ನಾನು ಬೆರಳು ನೋಡಲಿಲ್ಲ, ಮುಖ ನೋಡಿದೆ. ನಾಲ್ಕು, ಒಂದು, ಒಂಬತ್ತು, ಏಳು. ಅಲ್ಲಿಗೆ ಗಲ್ಲ ತುಸು ಮೇಲೆದ್ದಿತು, ಎದುರಿಗಿದ್ದವರಿಗೆ ಏನನ್ನೋ ಕೊಟ್ಟಂತೆ. ಮತ್ತೆ ಅದೇ ನಾಲ್ಕು, ಒಂದು ಬರುವಾಗ ಹುಬ್ಬು ಗಂಟಿಕ್ಕಿತ್ತು, ಯಾರು ಎಳೆಯುತ್ತಿದ್ದಾರೆ, ಯಾರು ಮುಂದೆ ಓಡುತ್ತಿದ್ದಾರೆ ಎಂದು ಕಿವಿಗೊಟ್ಟಂತೆ. ಎರಡನೇ ಸಾಲಿನಲ್ಲೂ ಹಾಗೆಯೇ.

"ಶ್ಯಾಮಲಾ," ಎಂದೆ. "ಎರಡನೇ ಸಲ ಬಂದಿದ್ದು ಅವಳದಲ್ಲ. ನಿಮ್ದು."

"ಏನ್ ಮಾವ?"

"ಹಿಂದೆ ಹಾಡೋರ್ದು. ಒಂದೊಂದು ಸಾಲು ನಿಮಗೆ ಬಿಟ್ಟವ್ಳೆ. ಅದನ್ನ ಒಡೆದಾಕು."



"ಅಯ್ಯೋ ದೇವುಡಾ," ಎಂದಳು ಮುನಿಲಕ್ಷ್ಮಿ. "ಪಾಸ್‌ವರ್ಡ್‌ಗೂ ನಾವೇ ಹಿಂದೆ ಹಾಡ್ಬೇಕಾ?"

"ಅತ್ತೆ, ವೆಂಕಿ ಒಂದೊಂದೇ ಸಲ ಯೋಳಿದ್ನಾ?"

ಅಕ್ಕಯ್ಯಮ್ಮ ಯೋಚಿಸಿ ತಲೆಯಾಡಿಸಿದಳು. ಒಂದೇ ಸಲ ಹೇಳಿದ್ದ. ಅವನಿಗೆ ಹಾಡಿನ ಕ್ರಮ ಏನು ಗೊತ್ತು ಎಂಬಂತೆ ತುಟಿ ಕೊಂಕಿಸಿದಳು. ಸಾಲನ್ನು ಒಂದೇ ಸಲ ಹಾಡಿದರೆ ಅದು ಹಾಡಲ್ಲ, ಕೂಗು ಎಂದು ಅವಳು ಹಿಂದೆ ಎಷ್ಟೋ ಸಲ ಹೇಳಿದ್ದಾಳೆ.

ಸುಕನ್ಯ ನವೆಂಬರ್ ಹಾಳೆಯ ಮೇಲೆ ಎರಡು ಗೆರೆ ಎಳೆದಳು. ಎಂಟು ಉಳಿಯಿತು. ಶ್ಯಾಮಲ ಎಡಗಡೆಯ ಬಾಣ ಹಿಡಿದಳು. ಹೆಂಗಸರು ತಾವಾಗಿಯೇ ಒಂದೊಂದು ಅಂಕಿಯನ್ನೂ ಧಾಟಿಯಲ್ಲಿ ಹೇಳಿಕೊಡತೊಡಗಿದರು. ಕೊನೆಯ ಮೂರು ಬಿತ್ತು. ನೀಲಿ ದೀಪ ಇನ್ನೆರಡು ಸಲ ಮಿನುಗಿ, ನಿಂತು ಬೆಳಗಿತು.

"ಗೋವಿಂದ," ಎಂದಳು ಮುನಿಲಕ್ಷ್ಮಿ.

"ಗೋವಿಂದಾ, ಗೋವಿಂದ," ಎಂದರು ಉಳಿದವರು, ಎರಡು ಸಲ.

ಒಬ್ಬೊಬ್ಬರಿಗೆ ಐದೈದು ಹಾಳೆ. ಪ್ರಿಂಟರು ಆತುರದ ಯಂತ್ರವಲ್ಲ. ಟೆಂಪೊ ಬಾಗಿಲಲ್ಲಿ ಕಾಲು ಗಂಟೆ ಹಾರನ್ ಮಾಡಿತು.

ದೇವಸ್ಥಾನದಲ್ಲಿ ಅಕ್ಕಯ್ಯಮ್ಮ ಗುಂಪಿನ ನಡುವೆ ತನ್ನ ಎಂದಿನ ಜಾಗದಲ್ಲೇ ಕೂತು ತಾಳ ಹಿಡಿದಳು. ಶ್ಯಾಮಲ ಹಾಳೆ ನೋಡಿ ಮೊದಲ ಸಾಲು ಕೊಟ್ಟಳು. ದನಿ ನಡುಗುತ್ತಿತ್ತು. ಏಳು ಜನ ಅದನ್ನು ಎತ್ತಿಕೊಂಡ ಮೇಲೆ ನಡುಕ ನಿಂತಿತು. ನನಗೆ ಒಂದು ಕಂಬ ಸಿಕ್ಕಿತ್ತು. ರಂಗ ಕಾಡು ಹೊಕ್ಕ, ಮುಳ್ಳು ತುಳಿದ, ನವಿಲನ್ನು ಕೇಳಿದ. ಹದಿನಾರನೇ ನುಡಿ ಮುಗಿದು ಶ್ಯಾಮಲ ಮುಂದಿನದನ್ನು ಹಿಡಿದಾಗ ಅಕ್ಕಯ್ಯಮ್ಮನ ತಾಳ ಒಂದು ಪೆಟ್ಟು ತಡೆದು, ಆಮೇಲೆ ಸೇರಿಕೊಂಡಿತು. ಯಾರೂ ಗಮನಿಸಲಿಲ್ಲ. ಹದಿನೇಳನೆಯದು ಹಾಳೆಯಲ್ಲಿರಲಿಲ್ಲ. ಹಾಲು ಉಕ್ಕಿದ್ದು ಅಲ್ಲಿ.

ಕರು ಸಿಕ್ಕಿತು. ಮಂಗಳಾರತಿಯಾಯಿತು. ಮುಂದಿನ ವರ್ಷವೂ ಬನ್ನಿ ಎಂದರು. ನಾನು ಹದಿನೇಳನೆಯದರ ಮಾತು ಎತ್ತಲಿಲ್ಲ. ಅದು ಈಗ ಒಂದೇ ಒಂದು ಕಡೆ ಇತ್ತು, ಆ ಬಾಗಿಲು ತೆರೆಯಲು ಇನ್ನೂ ಏಳು ದಿನವಿತ್ತು. ತೆರೆದಾಗ ಒಳಗೆ ದನಿ ಇದೆಯೋ ಇಲ್ಲವೋ ಡಾಕ್ಟರಿಗೂ ತಿಳಿದಿರಲಿಲ್ಲ.

ಆ ನಡುವೆ ವೆಂಕಿ ಶಬರಿಮಲೆಯಿಂದ ಪ್ರಸಾದ ತಂದುಕೊಟ್ಟ. "ಪಾಸ್‌ವರ್ಡ್ ಯಾರ್ಗೂ ಯೋಳ್ಬ್ಯಾಡಿ, ನೆಟ್ ನಿಧಾನ ಆಯ್ತದೆ," ಎಂದು ಎಚ್ಚರಿಸಿದ. ಅಷ್ಟರಲ್ಲಿ ಊರಿನ ಇನ್ನೂ ಏಳು ಮನೆಗೆ ಅದು ಧಾಟಿಸಮೇತ ಬಾಯಿಪಾಠವಾಗಿತ್ತು. ಸಂಜೆ ನಮ್ಮ ಜಗುಲಿಯ ಮೇಲೆ ಕೂರಲು ಜಾಗವಿರುತ್ತಿರಲಿಲ್ಲ. ಅವನಿಗೆ ಆಗಲಿ ಎಂದೆ.

ಇಪ್ಪತ್ತೆರಡನೇ ದಿನ ಬೆಳಿಗ್ಗೆ ಹಾಲು ಕರೆದಾದ ಮೇಲೆ ಅಕ್ಕಯ್ಯಮ್ಮ ಅಡುಗೆಮನೆಯ ಹೊಸ್ತಿಲ ಹತ್ತಿರ ಕೂತಳು. ಶ್ಯಾಮಲಳಿಗೆ ಫೋನು ತೆಗೆದುಕೋ ಎಂದು ಸನ್ನೆ ಮಾಡಿದಳು. ಆಮೇಲೆ ಒಲೆ ಆರಿಸು ಎಂದು ಸನ್ನೆ ಮಾಡಿದಳು. ಬೆನ್ನು ನೆಟ್ಟಗೆ ಮಾಡಿ ಆ ಉಸಿರು ತೆಗೆದುಕೊಂಡಳು.

ಕೊರಳ ಗಂಟೆಯ ದನಿಯು ಕೇಳದೊ ರಂಗ,
ಕರುವು ನಿನ್ನನು ಹೇಗೆ ಕರೆದೀತೊ.

ದನಿ ತಗ್ಗಿನಲ್ಲಿತ್ತು, ಒರಟಾಗಿತ್ತು. ಆದರೆ ಅವಳದೇ. ಸಾಲು ಮುಗಿಸಿ ನಿಲ್ಲಿಸಿದಳು, ಮುಂದಕ್ಕೆ ಹೋಗಲಿಲ್ಲ. ಎಂಟು ಜನರಲ್ಲಿ ಏಳು ಜನ ಅವರವರ ಮನೆಯಲ್ಲಿದ್ದರು. ಎಂಟನೆಯವಳಾದ ಶ್ಯಾಮಲ ತಲೆ ಬಗ್ಗಿಸಿ ಅಕ್ಷರ ಒತ್ತುತ್ತಿದ್ದಳು. ಅಕ್ಕಯ್ಯಮ್ಮ ನನ್ನ ಕಡೆ ತಿರುಗಿದಳು. ಗಲ್ಲ ತುಸು ಮೇಲೆದ್ದಿತು.

ನಾನು ಸಾಲನ್ನು ತಿರುಗಿ ಹಾಡಿದೆ.

"ಸ್ರುತಿನೇ ಇಲ್ಲ," ಎಂದಳು. ಇಪ್ಪತ್ತೊಂದು ದಿನದ ಮೇಲೆ ಅವಳು ನನ್ನೊಡನೆ ಆಡಿದ ಮೊದಲ ಮಾತು ಅದು. ಆಮೇಲೆ ಮುಂದಿನ ಸಾಲು ಕೊಟ್ಟಳು. ನಾನು ಅದನ್ನೂ ಹಾಡಿದೆ.

ಶ್ಯಾಮಲ ಪ್ರತಿ ಸಾಲನ್ನೂ ಒಂದೇ ಸಲ ಬರೆದುಕೊಂಡಳು. ನಡುಮನೆಯಲ್ಲಿ ಪ್ರಿಂಟರು ಎದ್ದು ಒಂದು ಹಾಳೆ ಎಳೆದುಕೊಂಡಿತು.