ಗಿಳಿ ಹೇಳಿದ ಹೆಸರುಗಳು

ಬೀರುವಿನ ಬಾಗಿಲಿಗೆ ಕೀಲು ಕೂರಿಸುತ್ತಿದ್ದ ಬಡಗಿ ತಲೆಯೆತ್ತಿದಾಗ ಅಂಗಡಿಯ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ನರ್ಸಿನ ಬಿಳಿ ಬಟ್ಟೆ, ಕಂಕುಳಲ್ಲಿ ಛತ್ರಿ. ಗಿರಾಕಿ ಇರಬೇಕೆಂದುಕೊಂಡ.

"ಏನು ಬೇಕಿತ್ತಮ್ಮಾ? ಮೇಜಾ, ಮಂಚಾನಾ?"

"ಉದ್ದ ಅಂತ ಕರೀತಿದ್ರಲ್ಲ, ಅದು ನೀವೇನಾ?"

ಬಡಗಿಯ ಕೈ ನಿಂತಿತು. ಆ ಹೆಸರು ಹಿಡಿದು ಅವನನ್ನು ಯಾರೂ ಕೂಗದೆ ಎಷ್ಟು ಕಾಲವಾಗಿತ್ತೋ. ಕಾಲೊನಿ ಬಿಟ್ಟ ದಿನ ಆ ಹೆಸರನ್ನೂ ಅಲ್ಲೇ ಬಿಟ್ಟು ಬಂದೆ ಎಂದೇ ಅವನು ತಿಳಿದಿದ್ದ.

"ನಾನು ಗಿಳಿಯ ತಂಗಿ. ಆಗ ತೀರಾ ಚಿಕ್ಕವಳು, ನಿಮಗೆ ಗುರುತು ಸಿಗಲ್ಲ. ಅಣ್ಣ ನನ್ನ ಜೊತೇಲೇ ಇದಾನೆ, ಕೆರೆಬದಿ ಬೀದೀಲಿ. ದಿನಾ ನಿಮ್ಮನ್ನ ಕೇಳ್ತಾನೆ. ಒಂದ್ಸಲ ಬಂದು ಹೋದ್ರೆ ಸಾಕಿತ್ತು."

ಅಂಗಡಿಯ ಹಿಂಭಾಗದಲ್ಲಿ ಕುರ್ಚಿಗೆ ಪಾಲಿಶ್ ತೀಡುತ್ತಿದ್ದ ಅವನ ಹೆಂಡತಿ ಬಟ್ಟೆಯನ್ನು ಡಬ್ಬಿಯ ಮೇಲಿಟ್ಟು ಎದ್ದಳು. ಬಂದವಳ ಮುಖ ಕೂಡ ನೋಡಲಿಲ್ಲ. "ನಿಮ್ಮಣ್ಣನ ಹೆಸರು ಈ ಅಂಗಡೀಲಿ ಬೇಡ," ಎಂದಷ್ಟೇ ಹೇಳಿ ಒಳಗೆ ಹೋದಳು.

ನರ್ಸು ಮನೆಯ ಗುರುತು ಹೇಳಿ ಹೊರಟುಹೋದಳು. ಬಡಗಿ ಕೀಲಿನ ತಿರುಪು ಬಿಗಿಯಲು ಹೋಗಿ ಎರಡು ಸಲ ಕೈ ಜಾರಿಸಿಕೊಂಡ. ಆ ಮಧ್ಯಾಹ್ನ ಅವನ ಕೈಗೆ ಯಾವ ಕೆಲಸವೂ ಹತ್ತಲಿಲ್ಲ.

ಕಾಲೊನಿಯನ್ನು ನೆನೆದು ಹಂಬಲಿಸುತ್ತೇನೆ ಎಂದು ಅವನು ಯಾರ ಮುಂದೆಯೂ ಬಾಯಿ ಬಿಟ್ಟವನಲ್ಲ. ಹಂಬಲಿಸುವಂಥದ್ದು ಅಲ್ಲಿ ಏನಿತ್ತು? ಹೊರಗಿನ ಲೋಕವೆಲ್ಲ ಮೋಸ, ನಾವು ಒಂದು ನ್ಯಾಯದ ಬದುಕು ಕಟ್ಟೋಣ ಎಂದು ಅವನ ಅಪ್ಪನ ಕಾಲದಲ್ಲಿ ಕೆಲವು ಹಿರಿಯರು ಸೇರಿ ಕಟ್ಟಿದ್ದು ಅದು. ಮೊದಲು ಬರಿಯ ಬೇಲಿಯಿತ್ತಂತೆ. ಬೇಲಿ ಗೋಡೆಯಾಯಿತು, ಗೋಡೆಗೆ ಗೇಟು ಬಂತು, ಗೇಟಿಗೆ ಕಾವಲು ಬಂತು. ಆ ಹಿರಿಯರು 'ಮಂಡಳಿ' ಎನಿಸಿಕೊಂಡರು. ಯಾರು ಏನು ಓದಬೇಕು, ಯಾರು ಯಾರನ್ನು ಮದುವೆಯಾಗಬೇಕು, ಎಲ್ಲ ಮಂಡಳಿಯೇ ಹೇಳುತ್ತಿತ್ತು. ಒಳಗೆ ಹುಟ್ಟಿದವರಿಗೆ ಹೊರಗಿನ ಒಂದು ಬೀದಿಯೂ ಗೊತ್ತಿರಲಿಲ್ಲ.

ಆದರೆ ಆ ಗೋಡೆಯೊಳಗೇ ಮರಗೆಲಸದ ಷೆಡ್ಡಿತ್ತು. ಕೊಯ್ದ ಹಲಗೆಯ ಹಸಿ ವಾಸನೆ, ಒಲೆಯ ಮೇಲೆ ಕುದಿಯುವ ಸರೇಸಿನಂಟಿನ ನಾತ, ತಗಡಿನ ಸಂದಿಯಿಂದ ಬಿದ್ದ ಬಿಸಿಲಿನಲ್ಲಿ ತೇಲುವ ಹೊಟ್ಟಿನ ಧೂಳು. ಅಲ್ಲಿ ನಾಲ್ಕು ಜನ. ಕಂಬದ ಹಾಗೆ ಬೆಳೆದಿದ್ದ ಬಡಗಿ 'ಉದ್ದ'. ಮೈ ಸಣ್ಣ, ತಲೆ ದಪ್ಪ ಇದ್ದವನು 'ಮೊಳೆ'. ಬೀಗ, ಕೀಲು, ಚಿಲಕ ಎಲ್ಲ ಅವನ ಕೈಕೆಲಸ. ಮೊಳೆಯ ಅಕ್ಕ ಪಾಲಿಶ್ ಹಚ್ಚುತ್ತಿದ್ದಳು. ಗರಗಸದ ಹತ್ತಿರ ಗಿಳಿ.

ಯಾರ ದನಿಯನ್ನಾದರೂ ಒಂದು ಸಲ ಕೇಳಿದರೆ ಸಾಕು, ಗಿಳಿ ಅದನ್ನು ಹಾಗೇ ಬಾಯಿಗೆ ತಂದುಕೊಳ್ಳುತ್ತಿದ್ದ. ಮೇಸ್ತ್ರಿಯ ಮೂಗಿನ ಮಾತು, ಉಪಾಧ್ಯಾಯಿನಿಯ ಕೀರಲು, ಮೊಳೆಯ ಗೊರಕೆ, ಯಾವುದಕ್ಕೂ ವಿನಾಯಿತಿಯಿರಲಿಲ್ಲ. ಮೇಸ್ತ್ರಿ ಆಚೆ ಹೋದದ್ದೇ ತಡ, ಅವನದೇ ದನಿಯಲ್ಲಿ "ಲೋ ಕತ್ತೆಗಳಾ, ಹಲಗೆಗೆ ರಂದ ಹೊಡೀರೋ!" ಎಂದು ಗದರುವನು. ಬೆಚ್ಚಿಬಿದ್ದು ರಂದ ಹಿಡಿದವರೆಲ್ಲ ಆಮೇಲೆ ಹೊಟ್ಟೆ ಹಿಡಿದುಕೊಂಡು ನಗುವರು. ಉದ್ದನಿಗೆ ಮೊಳೆಯ ಅಕ್ಕನ ಮೇಲೆ ಮನಸ್ಸಿದೆ ಎಂದು ಮೊದಲು ಕಂಡುಹಿಡಿದವನೂ ಅವನೇ. "ಅಕ್ಕಾ, ಇವನು ಆ ಕುರ್ಚಿ ಕಾಲನ್ನ ಬೆಳಗ್ಗಿಂದ ಉಜ್ಜುತ್ತಾನೇ ಇದಾನೆ. ನೀನು ಆ ಕಡೆ ಹೋಗದಿದ್ರೆ ಸಂಜೆಗೆ ಅದು ಹಲ್ಲುಕಡ್ಡಿ ಆಗುತ್ತೆ ನೋಡು," ಎಂದು ಷೆಡ್ಡಿಗೆಲ್ಲ ಕೇಳುವಂತೆ ಕೂಗಿದ್ದ. ಅವಳು ಕೆಂಪಾಗಿ ಪಾಲಿಶ್ ಬಟ್ಟೆಯನ್ನು ಅವನ ಮುಖಕ್ಕೆ ಎಸೆದಿದ್ದಳು. ಅಷ್ಟು ನಗು ಬಡಗಿ ಆಮೇಲೆ ಬೇರೆಲ್ಲೂ ಕೇಳಲಿಲ್ಲ.

ಆ ನಗುವೇ ಮುಳುವಾಯಿತು. ಒಂದು ದಿನ ಊಟದ ಮನೆಯಲ್ಲಿ ಗಿಳಿ ಮೇಜು ಹತ್ತಿ ನಿಂತು ಮಂಡಳಿಯ ಅಧ್ಯಕ್ಷರ ಭಾಷಣ ಮಾಡಿದ, ಮಾತಿಗೊಂದು ಕೆಮ್ಮು ಸೇರಿಸಿ. ನಗು ಒಮ್ಮೆಲೇ ಅಡಗಿತು. ಬಾಗಿಲಲ್ಲಿ ಹೊಸ ಮೇಲ್ವಿಚಾರಕ ನಿಂತಿದ್ದ. ಮರುದಿನ ಬೆಳಗ್ಗೆ ಇಬ್ಬರು ಬಂದು ಬಹಳ ಮರ್ಯಾದೆಯಿಂದ ಗಿಳಿಯನ್ನು ಕರೆದುಕೊಂಡು ಹೋದರು. ಹೋದದ್ದು ಗುಡ್ಡದ ಪಕ್ಕದ ಉದ್ದನೆಯ ಬಿಳಿ ಕಟ್ಟಡಕ್ಕೆ. ಫಲಕದಲ್ಲಿ 'ಮನಃಶುದ್ಧಿ ಕೇಂದ್ರ' ಎಂದಿತ್ತು. ಜನರ ಬಾಯಲ್ಲಿ ಅದು ತಿದ್ದುಮನೆ.

ಚಳಿಗಾಲವೆಲ್ಲ ಅವನ ಸುಳಿವಿಲ್ಲ. ಬಿಸಿಲು ಚುರುಕಾಗುವ ಹೊತ್ತಿಗೆ ತಿರುಗಿ ಬಂದ. ಕೆನ್ನೆ ತುಂಬಿಕೊಂಡಿತ್ತು, ತಲೆ ನೀಟಾಗಿ ಬಾಚಿತ್ತು. ಮೂವರೂ ಓಡಿಹೋಗಿ ತಬ್ಬಿಕೊಂಡರೆ ಅವನು ನೆಂಟರ ಮನೆಗೆ ಬಂದವನ ಹಾಗೆ ಮುಗುಳ್ನಕ್ಕ.

"ಹೊಡೆದ್ರೇನೋ?" ಮೊಳೆ ಪಿಸುಗುಟ್ಟಿದ.

"ಛೆ, ಇಲ್ಲಪ್ಪ. ಯಾರೂ ಕೈ ಎತ್ತಲಿಲ್ಲ. ಕೂತು ನಾನು ಹೇಳಿದ್ದೆಲ್ಲ ಕೇಳಿದ್ರು. ನನ್ನ ಮಾತನ್ನ ಅಷ್ಟು ಹೊತ್ತು ಯಾರೂ ಕೇಳಿಸಿಕೊಂಡೇ ಇರಲಿಲ್ಲ ಕಣೋ. ನಿದ್ದೆ ಮಾತ್ರ ಮಾಡೋಕೆ ಬಿಡ್ತಿರಲಿಲ್ಲ. ಮೊದಮೊದಲು ಕಷ್ಟ ಆಯ್ತು. ನಿದ್ದೆ ಅನ್ನೋದು ನಮ್ಮ ಸೋಮಾರಿತನ ಅಂತ ಆಮೇಲೆ ಅರ್ಥ ಆಯ್ತು."

ಇದೂ ಒಂದು ತಮಾಷೆಯೇ ಇರಬೇಕೆಂದು ಮೊಳೆ ನಗಲು ಬಾಯಿ ತೆರೆದ. ಗಿಳಿಯ ಕಣ್ಣು ನೋಡಿ ಬಾಯಿ ಮುಚ್ಚಿಕೊಂಡ. ಅಲ್ಲಿಂದ ಮುಂದೆ ಗಿಳಿ ಯಾರ ದನಿಯನ್ನೂ ಅನುಕರಿಸಲಿಲ್ಲ. ಷೆಡ್ಡಿನಲ್ಲಿ ಗರಗಸದ ಸದ್ದಷ್ಟೇ ಉಳಿಯಿತು.

ಹೊರಗೆ ಹೋಗುವ ಯೋಚನೆ ಮೊಳೆಯದು. ಷೆಡ್ಡಿನಲ್ಲಿ ಮಾಡಿದ ಬೀರುಗಳು ಲಾರಿಯಲ್ಲಿ ಹೊರಗಿನ ಪೇಟೆಗೆ ಹೋಗುತ್ತಿದ್ದವು. ಆಳೆತ್ತರದ ಬೀರು, ಒಳಗಿನಿಂದ ಹಾಕುವ ಚಿಲಕ, ಮೇಲಿನ ಪಟ್ಟಿಯ ಹಿಂದೆ ಗಾಳಿಗೆ ತೂತು. ಅಷ್ಟಿದ್ದರೆ ಒಬ್ಬ ಮನುಷ್ಯ ಅರ್ಧ ದಿನ ಆರಾಮಾಗಿ ನಿಲ್ಲಬಹುದು. ಹೊರಗಿನಿಂದ ಬರುವ ಡ್ರೈವರನೂ ಒಪ್ಪಿದ್ದ. ತಲೆಗೊಂದರಂತೆ ಬೀರುಗಳನ್ನು ಉದ್ದ ಕಟ್ಟಿದ, ಮೊಳೆ ಚಿಲಕ ಕೂರಿಸಿದ, ಅಕ್ಕ ತೂತು ಕಾಣದ ಹಾಗೆ ಬಣ್ಣ ತೀಡಿದಳು.

"ಗಿಳಿಗೆ ಹೇಳೋದು ಬೇಡ," ಎಂದಳು ಅವಳು.

"ಅವನನ್ನ ಬಿಟ್ಟು ಹೇಗಕ್ಕಾ ಹೋಗೋದು?" ಮೊಳೆ ಒಪ್ಪಲೇ ಇಲ್ಲ. "ಹೊರಗಿನ ಗಾಳಿ ಬಿದ್ರೆ ಮೊದಲಿನ ಹಾಗೇ ಆಗ್ತಾನೆ. ನಮ್ಮ ಗಿಳಿ ಕಣೇ ಅವನು."

ಉದ್ದನಿಗೂ ಹಾಗೇ ಅನ್ನಿಸಿತ್ತು. ಕೊನೆಗೆ ಅವಳೂ ಹೂಂ ಎಂದಳು. ಮೊಳೆ ಹೋಗಿ ಹೇಳಿದ. ಗಿಳಿ ಎಲ್ಲವನ್ನೂ ಗಮನವಿಟ್ಟು ಕೇಳಿ, ಅವನ ಎರಡೂ ಕೈ ಹಿಡಿದುಕೊಂಡು, "ನನ್ನನ್ನೂ ಸೇರಿಸಿಕೊಂಡ್ರಲ್ಲ, ಬಹಳ ಸಂತೋಷ," ಎಂದನಂತೆ.

ಬೆಳಗಿನ ಬಿಸಿಲಿನಲ್ಲಿ ಲಾರಿ ಹೊರಟಿತು. ಬೀರುವಿನ ಕತ್ತಲೆಯಲ್ಲಿ ನಿಂತ ಉದ್ದನಿಗೆ ಗೇಟಿನ ಬಳಿ ಲಾರಿ ನಿಂತದ್ದು ತಿಳಿಯಿತು. ಅದು ಎಂದಿನಂತೆ ನಿಲ್ಲುವ ಜಾಗವೇ. ಆದರೆ ಮತ್ತೆ ಹೊರಡಲಿಲ್ಲ. ಯಾರೋ ಮೃದುವಾಗಿ ಬಾಗಿಲು ತಟ್ಟಿದರು.

"ಉದ್ದ, ಚಿಲಕ ತೆಗಿಯೋ. ಹೆದರಬೇಡ. ನಾನೇ."

ತೆಗೆದರೆ ಎದುರಿಗೆ ಗಿಳಿ. ಅವನ ಹಿಂದೆ ಅಧ್ಯಕ್ಷರು, ಕಾವಲುಗಾರರು. ಗಿಳಿಯ ಕಣ್ಣಲ್ಲಿ ಧಾರಾಕಾರ ನೀರು. ದುಃಖದ್ದಲ್ಲ. ಜ್ವರ ಬಿಟ್ಟ ಮಗುವನ್ನು ನೋಡುವ ತಾಯಿಯ ಮುಖ ಹೇಗಿರುತ್ತದೋ ಹಾಗಿತ್ತು ಅವನ ಮುಖ. "ನಿಮ್ಮ ಹೆಸರೆಲ್ಲ ನಾನೇ ಹೇಳಿದೆ. ಇನ್ನು ನೀವೂ ಸರಿಹೋಗ್ತೀರ," ಎಂದ. ಆಮೇಲೆ ಉಳಿದ ಬೀರುಗಳ ಬಾಗಿಲನ್ನೂ ಒಂದೊಂದಾಗಿ ತಾನೇ ತಟ್ಟಿದ.

ಉದ್ದನನ್ನು ಕಲ್ಲುಗಣಿಗೆ ಹಾಕಿದರು. ಅಕ್ಕನನ್ನು ಬಟ್ಟೆ ಒಗೆಯುವ ಮನೆಗೆ. ಯೋಜನೆ ಹೂಡಿದವನೆಂದು ಮೊಳೆಯನ್ನು ತಿದ್ದುಮನೆಗೆ ಕರೆದೊಯ್ದರು. ಅವನು ಹೊರಗೆ ಬರಲೇ ಇಲ್ಲ. ಜ್ವರ ಬಂದು ತೀರಿಹೋದ ಎಂದು ಅಕ್ಕನಿಗೆ ಹೇಳಿ ಕಳಿಸಿದರು. ಮುಖ ಕೂಡ ತೋರಿಸಲಿಲ್ಲ. ವರ್ಷಗಳು ಉರುಳಿದ ಮೇಲೆ ಮಂಡಳಿಯವರು ತಮ್ಮತಮ್ಮಲ್ಲೇ ಕಚ್ಚಾಡಿ ಚೂರಾದರು. ಒಂದು ಬೆಳಗ್ಗೆ ಗೇಟಿನಲ್ಲಿ ಕಾವಲೇ ಇರಲಿಲ್ಲ. ಜನ ಸ್ವಲ್ಪ ಹೊತ್ತು ನಂಬದೆ ನಿಂತು ನೋಡಿ, ಆಮೇಲೆ ಗಂಟುಮೂಟೆ ಹೊತ್ತು ಹೊರನಡೆದರು. ಉದ್ದನೂ ಮೊಳೆಯ ಅಕ್ಕನೂ ಹೀಗೆಯೇ ನಡೆದು ಬಂದು ಈ ಊರಿನಲ್ಲಿ ಮದುವೆಯಾಗಿ ಅಂಗಡಿ ಹಾಕಿದ್ದರು.

ಅಂಗಡಿಗೆ ರಜೆ ಇದ್ದ ದಿನ ಬಡಗಿ ಕೆರೆಬದಿ ಬೀದಿಗೆ ಹೋದ. ಹೆಂಡತಿಗೆ ಹೇಳಿಯೇ ಹೋದ. ನರ್ಸಿನ ಮನೆಯ ಮಹಡಿಯ ಮೇಲಿನ ಚಿಕ್ಕ ಕೋಣೆಯಲ್ಲಿ ಗಿಳಿ ಕುರ್ಚಿಯ ಮೇಲೆ ನೆಟ್ಟಗೆ, ಮೊಣಕಾಲ ಮೇಲೆ ಕೈಯಿಟ್ಟು ಕೂತಿದ್ದ. ತಲೆಯಲ್ಲಿ ಒಂದೇ ಒಂದು ಕಪ್ಪು ಕೂದಲಿರಲಿಲ್ಲ. ಬಡಗಿಯನ್ನು ಕಂಡವನೇ ಎದ್ದು ನಿಂತ. ತಂಗಿ "ಕೂತ್ಕೋ" ಎನ್ನುವವರೆಗೂ ಕೂರಲಿಲ್ಲ. ಟೀ ಲೋಟವನ್ನೂ "ಕುಡೀಲಾ?" ಎಂದು ಕೇಳಿಯೇ ಬಾಯಿಗಿಟ್ಟ.

"ಎಷ್ಟು ಚೆನ್ನಾಗಿದೀಯೋ! ಸರಿಹೋದೆ ಅಲ್ವಾ?"

ದಾರಿಯುದ್ದಕ್ಕೂ ಬಡಗಿ ಏನೇನೋ ಮಾತು ಕೂಡಿಸಿಕೊಂಡು ಬಂದಿದ್ದ. ಆದರೆ ಎದುರಿಗಿದ್ದದ್ದು ಅದೇ ಮೂಗು, ಗರಗಸಕ್ಕೆ ಸಿಕ್ಕಿ ಅರ್ಧವಾದ ಅದೇ ಕಿರುಬೆರಳು. ಗಣಿಯ ವರ್ಷಗಳಲ್ಲಿ ಈ ಮನುಷ್ಯನನ್ನು ಕೊಲ್ಲಬೇಕೆಂದು ಎಷ್ಟು ಸಲ ಅನ್ನಿಸಿತ್ತೋ, ಅಷ್ಟೇ ಸಲ ಇವನ ಒಂದು ತಮಾಷೆಗಾಗಿ ಜೀವ ಒದ್ದಾಡಿತ್ತು.

"ಮೊಳೆ ಬರಲಿಲ್ವಾ?" ಗಿಳಿ ಬಾಗಿಲ ಕಡೆ ನೋಡಿದ.

ಹಿಂದೆ ನಿಂತ ತಂಗಿ ಬೇಡ ಬೇಡ ಎಂದು ತಲೆಯಾಡಿಸಿದಳು.

"ಅವನು... ದೂರದ ಊರಲ್ಲಿದಾನೆ," ಎಂದ ಬಡಗಿ.

"ನನಗೆ ಗೊತ್ತಿತ್ತು. ಅವನಿಗೆ ಎಲ್ಲರಿಗಿಂತ ಒಳ್ಳೇದಾಗುತ್ತೆ ಅಂತ ಅವತ್ತೇ ಹೇಳಿದ್ರು," ಎಂದು ಗಿಳಿ ಹಿಗ್ಗಿದ.

ಮನೆಗೆ ಬಂದು ಬಡಗಿ ಇದ್ದದ್ದನ್ನು ಇದ್ದ ಹಾಗೆ ಹೆಂಡತಿಗೆ ಹೇಳಿದ. ಅವಳು ಒಲೆಯ ಮುಂದೆ ಬೆನ್ನು ತಿರುಗಿಸಿ ನಿಂತೇ ಕೇಳಿದಳು.

"ನನ್ನ ತಮ್ಮ ದೂರದ ಊರಲ್ಲಿದಾನೆ ಅಂದ್ರಾ?"

"ಮುದುಕನಾಗಿದಾನೆ ಕಣೇ. ಅದೊಂದನ್ನ ನಂಬಿಕೊಂಡು ನೆಮ್ಮದಿಯಾಗಿದಾನೆ."

"ನಾವು ನೆಮ್ಮದಿಯಾಗಿರಲಿ ಅಂತಲೇ ಅವನು ನಮ್ಮ ಹೆಸರನ್ನೂ ಹೇಳಿದ್ದು," ಎಂದಳು ಅವಳು.

ಮುಂದಿನ ರಜೆಯ ದಿನ ಅವನು ಹೊರಡುವಾಗ ಅವಳೂ ಚಪ್ಪಲಿ ಮೆಟ್ಟಿದಳು. ದಾರಿಯಲ್ಲಿ ಒಂದೇ ಒಂದು ಮಾತಾಡಿದಳು. "ಅವನಿಗೆ ಗೊತ್ತಾಗಬೇಕು ಕಣ್ರೀ. ಗೊತ್ತಾದ್ರೆ ತಾನೇ ಅವನು ನಮ್ಮವನಾಗೋದು. ಅಲ್ಲೀತನಕ ಆ ಮಂಡಳಿಯವನೇ."

ಅವಳನ್ನು ಕಂಡು "ಅಕ್ಕಾ!" ಎಂದು ಗಿಳಿ ಮಗುವಿನಂತೆ ಎದ್ದು ನಿಂತ. ಅವಳು ಅವನನ್ನು ಕೂರಿಸಿ, ತಾನೂ ಮಂಚದ ಅಂಚಿನಲ್ಲಿ ಕೂತಳು. ಕೂಗಲಿಲ್ಲ, ಬಯ್ಯಲಿಲ್ಲ.

"ಮೊಳೆ ಸತ್ತುಹೋದ ಕಣೋ. ತಿದ್ದುಮನೇಲೇ ಸತ್ತ. ಆ ವರ್ಷವೇ."

"ಇಲ್ಲಕ್ಕಾ. ಅವನು ಸರಿಹೋಗಿ—"

"ಅವನಿಗೆ ಏನೂ ಆಗಿರಲಿಲ್ಲ, ಸರಿಹೋಗೋಕೆ. ನಿನ್ನನ್ನ ಬಿಟ್ಟು ಹೋಗೋಕಾಗಲ್ಲ ಅಂತ ನಿನಗೆ ಹೇಳಿದ. ನೀನು ಅವರಿಗೆ ಹೇಳಿದೆ. ಅವರು ಅವನನ್ನ ಕೊಂದ್ರು."

ಗಿಳಿ ತಂಗಿಯ ಮುಖ ನೋಡಿದ, ಬಡಗಿಯ ಮುಖ ನೋಡಿದ. ಯಾರಾದರೂ ಅಲ್ಲಗಳೆಯಲಿ ಎಂದು ಕಾದ. ಬಡಗಿ ತಲೆ ತಗ್ಗಿಸಿದ. ತಂಗಿ ಸೆರಗು ಬಾಯಿಗೊತ್ತಿಕೊಂಡು, "ನಿಮಗೆ ತೃಪ್ತಿಯಾಯ್ತಾ? ಹೋಗಿ ಇಲ್ಲಿಂದ," ಎಂದಳು. ಮೆಟ್ಟಿಲಿಳಿಯುವಾಗ ಮೇಲಿನಿಂದ ಒಂದು ದನಿ ಕೇಳಿಸಿತು. ಅಳುವಿನಂತಿರಲಿಲ್ಲ. ಭಾರದ್ದೇನನ್ನೋ ಒಬ್ಬನೇ ಎತ್ತಲು ಹೋದವನು ಮುಲುಕಿದ ಹಾಗಿತ್ತು.

ಆಮೇಲೆ ಗಿಳಿ ಹಾಸಿಗೆ ಹಿಡಿದನೆಂದು ಸುದ್ದಿ ಬಂತು. ಬಡಗಿ ಹಣ್ಣು ತೆಗೆದುಕೊಂಡು ಹೋದರೆ ತಂಗಿ ಬಾಗಿಲು ತೆರೆಯಲಿಲ್ಲ. ಆ ದಿನಗಳಲ್ಲಿ ಗಂಡಹೆಂಡಿರ ನಡುವೆ ಮಾತು ಕಡಿಮೆಯಾಯಿತು. ತಾನು ಮಾಡಿದ್ದು ತಪ್ಪೆಂದು ಅವಳು ಹೇಳಲಿಲ್ಲ. ಅವನಿಗೂ ತಪ್ಪೆನ್ನಿಸಲಿಲ್ಲ. ಆದರೂ ಪ್ರತಿದಿನ ಬೀದಿಯ ತಿರುವಿನ ಕಡೆಗೆ ಅವನ ಕಣ್ಣು ಹೋಗುತ್ತಲೇ ಇತ್ತು.

ಗಿಳಿ ಬಂದದ್ದು ಒಂದು ಸಂತೆಯ ದಿನ, ಒಬ್ಬನೇ. ಅಷ್ಟೊಂದು ಬಂಡಿಗಳ ನಡುವೆ ಅವನೊಬ್ಬನೇ ಬೀದಿ ದಾಟಿ ಬಂದದ್ದು ಹೇಗೋ. ತೀರಾ ಸೊರಗಿದ್ದ. ಬಾಗಿಲಲ್ಲಿ ನಿಂತು, "ಹೆಸರು ಹೇಳಿದ್ದು ನಾನೇ ಅಕ್ಕಾ. ಯಾರೂ ಬಲವಂತ ಮಾಡಿರಲಿಲ್ಲ," ಎಂದ.

ಬಡಗಿ ಹೆಂಡತಿಯ ಕಡೆ ನೋಡಿದ. ಅವಳು ಕುರ್ಚಿಯ ಒಂದು ಕಾಲಿಗೆ ಪಾಲಿಶ್ ತೀಡಿ ಮುಗಿಸಿ ಇನ್ನೊಂದಕ್ಕೆ ಕೈ ಹಾಕಿದಳು. ಆಮೇಲೆ, "ಒಳಗೆ ಬಾ," ಎಂದಳು. "ನಾವಿಬ್ರೂ ಮೊಳೆ ಬಗ್ಗೆ ಗೊತ್ತಿರೋದನ್ನೆಲ್ಲ ಹೇಳ್ಕೊಂಡು ಹೇಳ್ಕೊಂಡು ಮುಗಿಸಿಬಿಟ್ಟಿದೀವಿ. ನಿನಗೆ ನೆನಪಿರೋದು ಹೇಳು."

ಗಿಳಿ ಒಳಗೆ ಬಂದು ಹಲಗೆಗಳ ರಾಶಿಯ ಮೇಲೆ ಕೂತ.

"ಷೆಡ್ಡಿನ ಹಿಂದೆ ನೀರಿನ ತೊಟ್ಟಿ ಇತ್ತಲ್ಲ... ಮಧ್ಯಾಹ್ನ ಎಲ್ರೂ ಮಲಗಿದಾಗ ನಾವಿಬ್ರೂ ಅದಕ್ಕೆ ಇಳೀತಿದ್ವಿ. ಅವನಿಗೆ ಈಜು ಕಲೀಬೇಕು ಅಂತ ಆಸೆ. ಹೊರಗೆ ಸಮುದ್ರ ಇದೆಯಂತೆ, ಅಲ್ಲಿಗೆ ಹೋದಾಗ ಬೇಕಾಗುತ್ತೆ ಅಂತಿದ್ದ."

"ಮೊಳೆಗೆ ಈಜು ಬರ್ತಿತ್ತಾ?" ಅವಳ ಕೈ ನಿಂತಿತು.

"ಎಲ್ಲಿ ಬರುತ್ತೆ! ಒಂದು ಹಲಗೆ ತಬ್ಕೊಂಡು ಕಾಲು ಬಡೀತಿದ್ದ ಅಷ್ಟೇ. ತಲೆ ಭಾರಕ್ಕೆ ಮುಂದಕ್ಕೆ ಮುಗ್ಗರಿಸೋನು. ನೀರು ಕುಡಿದು ಕೆಮ್ಮಿ, 'ಅಕ್ಕನಿಗೆ ಹೇಳಬೇಡ ಕಣೋ, ಬಯ್ತಾಳೆ' ಅನ್ನೋನು." ಗಿಳಿ ತನ್ನ ಅಂಗೈ ನೋಡಿಕೊಂಡ. "ತಿದ್ದುಮನೇಲಿ ಎಲ್ಲ ಕೇಳಿದ್ರು. ಎಲ್ಲ ಹೇಳಿದೆ. ಇದೊಂದನ್ನ ಹೇಳಿರಲಿಲ್ಲ. ಯಾಕೋ ಹೇಳಿರಲಿಲ್ಲ."

ಅವಳಿಗೆ ನಗು ಬಂತೋ ಅಳು ಬಂತೋ ಬಡಗಿಗೆ ತಿಳಿಯಲಿಲ್ಲ. ಅವಳು ಪಾಲಿಶ್ ಡಬ್ಬಿಯ ಮುಚ್ಚಳ ಮುಚ್ಚಿ, ಕೈ ಒರೆಸಿಕೊಂಡು, ಕುರ್ಚಿಯೊಂದನ್ನು ಎಳೆದು ಗಿಳಿಯ ಎದುರಿಗೆ ಕೂತಳು.

"ಆಮೇಲೆ?" ಎಂದಳು.