ಕೊಳದ ಕಟ್ಟೆಯ ಫಲಕ

ರಬ್ಬರ್ ಮೇಡಂ ಬರುತ್ತಿದ್ದಾಳೆ ಎಂಬ ಸುದ್ದಿ ಅವಳಿಗಿಂತ ಮೊದಲೇ ಅಭಯಾರಣ್ಯದ ಗೇಟು ಮುಟ್ಟಿತ್ತು.

ಆ ಹೆಸರಿಟ್ಟವರು ಅರಮನೆಯ ಗೈಡುಗಳು. ಪ್ರವಾಸೋದ್ಯಮ ಇಲಾಖೆಯವರು ಆ ಸೀಮೆಯ ಕಾಡು, ಕೋಟೆ, ಅರಮನೆ ಎಲ್ಲ ಸೇರಿಸಿ ಹದಿನಾಲ್ಕು ಕಡೆ ಹೊಸ ಮಾಹಿತಿ ಫಲಕ ಹಾಕಿಸುತ್ತಿದ್ದರು. ಬರಹ ಅವಳದು. ಕಡತ, ಶಾಸನ, ಹಳೆಯ ನಕ್ಷೆ ಅಂತ ಎರಡು ವರ್ಷ ಜಾಲಾಡಿ, ಆಧಾರ ಸಿಕ್ಕಿದ್ದನ್ನಷ್ಟೇ ಬರೆದಿದ್ದಳು. ಬರೆದುಕೊಟ್ಟು ತೆಪ್ಪಗೆ ಕೂರುವ ಜಾಯಮಾನ ಅವಳದಲ್ಲ. ಒಂದೊಂದು ಫಲಕ ನೆಡುವಾಗಲೂ ತಾನು ಎದುರಿಗಿರಬೇಕು ಅಂತ ಹಟ ಹಿಡಿದು, ಫಲಕ ಹೊತ್ತ ಪಿಕಪ್ ವ್ಯಾನಿನಲ್ಲೇ ಹೊರಟಿದ್ದಳು. ಅರಮನೆಯಲ್ಲಿ ಎರಡು ತಲೆಮಾರಿನಿಂದ ಗುಪ್ತ ಸುರಂಗ ಅಂತ ತೋರಿಸುತ್ತಿದ್ದ ಕಿಂಡಿಯ ಪಕ್ಕ ‘ಬಚ್ಚಲ ನೀರು ಹರಿದುಹೋಗುತ್ತಿದ್ದ ಕಾಲುವೆ’ ಎಂಬ ಫಲಕ ನಿಂತಿತು. ಅಂದು ಸಂಜೆಗೇ ಅವಳು ರಬ್ಬರ್ ಮೇಡಂ ಆದಳು. ಇದ್ದಬದ್ದದ್ದನ್ನೆಲ್ಲ ಅಳಿಸುವವಳು.

ಅಭಯಾರಣ್ಯದ ಗೇಟಿನಲ್ಲಿ ಆರು ಸಫಾರಿ ಜೀಪುಗಳು ದಾರಿಗೆ ಅಡ್ಡ ನಿಂತಿದ್ದವು. ಹುಲಿಪಟ್ಟೆಯ ಟೋಪಿ ಹಾಕಿದ್ದ ಚಾಲಕನೊಬ್ಬ ವ್ಯಾನಿನ ಕಿಟಕಿಗೆ ಮುಖ ತಂದ.

“ಫಲಕದಲ್ಲಿ ಏನು ಬರೆದಿದೀರಿ, ಸ್ವಲ್ಪ ಓದಿ ಹೇಳಿ ಮೇಡಂ.”

“ನೆಟ್ಟಮೇಲೆ ನೀವೇ ಓದಬಹುದು.”

“ಇಲ್ಲಿ ಹುಲಿ ಕೊನೇ ಸಲ ಕಂಡಿದ್ದು ಹನ್ನೊಂದು ವರ್ಷದ ಹಿಂದೆ ಅಂತ ಬರೆದಿದೀರಂತೆ?”

“ನಿಮ್ಮ ಅರಣ್ಯ ಕಚೇರಿಯ ದಾಖಲೆಯಲ್ಲೇ ಇದೆ.”

“ಮೊನ್ನೆ ತಾನೆ ನಾನು ನೋಡಿದೀನಿ!”

ಸ್ಟೇರಿಂಗ್ ಹಿಡಿದಿದ್ದ ಫಿಟ್ಟರ್‌ನ ಬಾಯಿ ಸುಮ್ಮನಿರಲಿಲ್ಲ. ಫಲಕ ಕೂರಿಸುವುದರಲ್ಲಿ ಎತ್ತಿದ ಕೈ, ಹಾಗಾಗಿ ಎಲ್ಲರ ಬಾಯಲ್ಲೂ ಬೋಲ್ಟಣ್ಣ. “ಕನ್ನಡಿ ಮುಂದೆ ನಿಂತಿದ್ದೆಯೋ ಏನೋ ಕಣಪ್ಪ, ಟೋಪಿ ಹಾಕ್ಕೊಂಡು,” ಅಂದುಬಿಟ್ಟ.

ಉಳಿದ ಚಾಲಕರೇ ಕಿಸಕ್ಕನೆ ನಕ್ಕರು. ಟೋಪಿಯವನ ಮುಖ ಕಪ್ಪಿಟ್ಟಿತು. ಮಾತು ಅವ್ವ ಅಪ್ಪನವರೆಗೆ ಹೋಯಿತು. ಕೊನೆಗೆ ಅರಣ್ಯ ಕಾವಲುಗಾರರು ಬಂದು ಜೀಪು ಸರಿಸಿದರು. ಫಲಕ ನೆಟ್ಟು, ಗಾರೆ ಆರುವವರೆಗೂ ಕಾದು, ಇಬ್ಬರೂ ವಾಪಸು ಬಂದು ನೋಡಿದರೆ ವ್ಯಾನು ಕುಕ್ಕರುಗಾಲಲ್ಲಿ ಕೂತಿತ್ತು. ನಾಲ್ಕೂ ಚಕ್ರದ ಗಾಳಿ ತೆಗೆದಿದ್ದರು.

ಇಲಾಖೆಯವರು ಕೊಟ್ಟ ನಮೂನೆಯಲ್ಲಿ ‘ಕೆಲಸಕ್ಕೆ ಅಡ್ಡಿಪಡಿಸಿದವರು’ ಎಂಬ ಕಾಲಂ ಇತ್ತು. ಅವಳು ಕಾವಲುಗಾರರನ್ನು ಕೇಳಿ ನಾಲ್ವರ ಹೆಸರು ಬರೆದಳು. ಕೈ ಒಂದಿಷ್ಟೂ ತಡೆಯಲಿಲ್ಲ.

“ಬಿಡಿ ಮೇಡಂ, ಹೊಟ್ಟೆಪಾಡು,” ಅಂದ ಬೋಲ್ಟಣ್ಣ, ಕಾಲಲ್ಲಿ ಪಂಪು ಒತ್ತುತ್ತ.

“ಸುಳ್ಳು ಹೇಳಿ ಹೊಟ್ಟೆ ಹೊರೀಬೇಕಾ?”

“ನಾನೇನು ಹೇಳಲಿ? ನಾನು ತೂತು ಕೊರೆಯೋನು.”

ಮರುದಿನ ಹೋಗಬೇಕಿದ್ದದ್ದು ಕೋಟೆಗೆ. ಹದಿನಾಲ್ಕರಲ್ಲಿ ಅದೇ ಕೊನೆಯದು. ಪಟ್ಟಿಯಲ್ಲಿ ಅದು ಮೂರನೆಯದಾಗಿತ್ತು. ಏನೇನೋ ನೆಪ ಹೇಳಿ ಅವಳೇ ಹಿಂದಕ್ಕೆ ತಳ್ಳಿದ್ದಳು. ದಾರಿಯಲ್ಲಿ ಬೋಲ್ಟಣ್ಣ ಅದನ್ನೇ ಕೇಳಿದ.

“ಅಲ್ಲಿಯ ಹಿರಿಯ ಗೈಡು ನಮ್ಮ ಸೋದರಮಾವ,” ಅಂದಳು.

“ಅಯ್ಯೋ, ಹಾಗಾದ್ರೆ ಇವತ್ತಾದ್ರೂ ಯಾರಾದ್ರೂ ಒಂದು ಲೋಟ ಟೀ ಕೊಡ್ತಾರೆ.”

ಅವಳು ಕಿಟಕಿಯ ಕಡೆ ತಿರುಗಿದಳು. ಅಪ್ಪ ತೀರಿಹೋದಮೇಲೆ ಅಮ್ಮನೂ ಅವಳೂ ಐದು ವರ್ಷ ಇದ್ದದ್ದು ಈ ಮಾವನ ಮನೆಯಲ್ಲೇ, ಕೋಟೆಯ ಬಾಗಿಲಿಗೆ ಅಂಟಿಕೊಂಡ ಓಣಿಯಲ್ಲಿ. ಅವಳಿಗೆ ಅಕ್ಷರ ತಿದ್ದಿಸಿದವನು ಮಾವ. ಮಳೆಗಾಲದಲ್ಲಿ ಶಾಲೆಗೆ ಹೆಗಲ ಮೇಲೆ ಹೊತ್ತುಕೊಂಡು ಹೋದವನು ಮಾವ. ಇದೆಲ್ಲ ಹೇಳಿದರೆ ಮುಂದಿನದನ್ನೂ ಹೇಳಬೇಕಾಗುತ್ತಿತ್ತು.

ಕೋಟೆಯೊಳಗೆ ಕೊಳದ ಕಟ್ಟೆಯ ಮೇಲೆ ಮಾವ ನಿಂತಿದ್ದ. ಅದೇ ಖಾಕಿ ಕೋಟು, ಜೇಬಿನ ಮೇಲೆ ಬಿಲ್ಲೆ. ಸುತ್ತ ಮೂವತ್ತು ನಲವತ್ತು ಪ್ರವಾಸಿಗರು. ಶತ್ರು ಬಾಗಿಲು ಮುರಿದ, ರಾಣಿ ಮಗಳ ಕೈ ಹಿಡಿದು ಇದೇ ಕಟ್ಟೆ ಹತ್ತಿದಳು ಎನ್ನುವಲ್ಲಿಗೆ ಕಥೆ ಬಂದಿತ್ತು. ಅಲ್ಲಿ ಅವನು ದನಿ ಇಳಿಸುತ್ತಾನೆಂದು ಅವಳಿಗೆ ಗೊತ್ತಿತ್ತು. ಇಳಿಸಿದ. ಜನ ಉಸಿರು ಬಿಗಿಹಿಡಿದರು. ಹಾರಿದಳು ಅಂದ. ಮುಂದಿನ ಸಾಲಿನ ಹೆಂಗಸೊಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆಮೇಲೆ ಅವನು ಸೊಸೆಯನ್ನು ನೋಡಿದ. ಕಟ್ಟೆಯಿಂದ ಇಳಿದು ಬಂದು ಎರಡೂ ಕೈ ಮುಗಿದ.

“ಬನ್ನಿ ಮೇಡಂ. ಪ್ರಯಾಣ ಸುಖವಾಯ್ತಾ?”

ಹುಟ್ಟಿದಾಗಿನಿಂದ ‘ಏನೇ ಪುಟ್ಟಿ’ ಅಂದ ಬಾಯಿ. ಆ ‘ಬನ್ನಿ’ ಅವಳ ಕೆನ್ನೆಗೆ ಬಾರಿಸಿದಂತಾಯಿತು.

“ಮಾವ, ಜನರ ಮುಂದೆ ಬೇಡ,” ಅಂದಳು ಮೆಲ್ಲಗೆ.

“ಯಾಕೆ ಬೇಡ ಮೇಡಂ? ಫಲಕ ಜನರಿಗೆ ತಾನೆ? ಕೊಡಿ, ನಾನೇ ಓದ್ತೀನಿ.” ವ್ಯಾನಿನ ಹಿಂಬದಿಗೆ ಹೋಗಿ, ಫಲಕಕ್ಕೆ ಸುತ್ತಿದ್ದ ಗೋಣಿತಟ್ಟು ಸರಿಸಿ, ಕಥೆ ಹೇಳುವ ದನಿಯಲ್ಲೇ ಗಟ್ಟಿಯಾಗಿ ಓದಿದ. “‘ಕೋಟೆ ಶತ್ರುವಶವಾಗಿ ತೊಂಬತ್ತು ವರ್ಷಗಳಾದ ಮೇಲೆ, ದನ ಕುದುರೆಗಳಿಗೆ ನೀರು ಕುಡಿಸಲು ಈ ಕೊಳವನ್ನು ಕಟ್ಟಲಾಯಿತು. ರಾಣಿಯೊಬ್ಬಳು ಮಗಳೊಂದಿಗೆ ಇಲ್ಲಿ ಹಾರಿದಳೆಂಬ ಕಥೆ ಕೇವಲ ಕಟ್ಟುಕಥೆ, ಅದಕ್ಕೆ ಯಾವ ಆಧಾರವೂ ಇಲ್ಲ.’”

ಕಣ್ಣೊರೆಸಿಕೊಂಡಿದ್ದ ಹೆಂಗಸು ಅವಳನ್ನು ಕೆಕ್ಕರಿಸಿ ನೋಡಿದಳು, ರಾಣಿಯನ್ನು ಇವಳೇ ಹಿಂದಿನಿಂದ ದೂಡಿದಳೇನೋ ಎಂಬಂತೆ.

“ಒಂದು ಪ್ರಶ್ನೆ ಕೇಳಲಾ ಮೇಡಂ? ಅರಮನೆ ಫಲಕ ನೋಡಿ ಬಂದಿದೀನಿ. ಕಾಲುವೆ ಅಂತಷ್ಟೇ ಬರೆದಿದೀರಿ. ಸುರಂಗದ ಕಥೆ ಸುಳ್ಳು ಅಂತ ಬರೆದಿಲ್ಲ. ಹದಿನಾಲ್ಕು ಫಲಕದಲ್ಲಿ ಕಥೇನ ಎಳೆದುತಂದು, ಇದು ಸುಳ್ಳು ಅಂತ ಉಗಿದಿರೋದು ಎಷ್ಟರಲ್ಲಿ?”

ಹದಿಮೂರು ಫಲಕಗಳನ್ನೂ ತನ್ನ ಕೈಯಾರೆ ಕೂರಿಸಿದ್ದ ಬೋಲ್ಟಣ್ಣ ತಲೆ ಎತ್ತಿ ಅವಳನ್ನು ನೋಡಿದ. ಅವನಿಗೆ ಉತ್ತರ ಗೊತ್ತಿತ್ತು.

“ಇದೊಂದರಲ್ಲೇ,” ಅಂದ ಮಾವ. “ಇದು ಇತಿಹಾಸ ಅಲ್ಲ ಮೇಡಂ. ಹಗೆ. ಯಾವುದರ ಹಗೆಯೋ ನನಗೆ ಗೊತ್ತಿಲ್ಲ.”

ಗೊತ್ತಿಲ್ಲ ಅಂದದ್ದೇ ಅವಳ ಮೈ ಉರಿಸಿತು. “ತೂತು ಕೊರೀರಿ,” ಅಂದಳು ಬೋಲ್ಟಣ್ಣನಿಗೆ.

“ಮೇಡಂ, ನಾಳೆ ಬೆಳಿಗ್ಗೆ ಬೇಕಾದ್ರೆ...”

“ಈಗ.”

ಬೋಲ್ಟಣ್ಣ ಫಲಕ ಇಳಿಸಿ ಕಟ್ಟೆಗೆ ಒರಗಿಸಿದ. ಡ್ರಿಲ್ಲು ಕಟ್ಟೆಯ ಪಕ್ಕದ ಕಲ್ಲುಹಾಸಿಗೆ ಇಳಿಯುವಷ್ಟರಲ್ಲಿ ಮಾವ ನೇರ ಬಂದು ಅದರ ಮುಂದೆ ಚಕ್ಕಂಬಕ್ಕಳ ಹಾಕಿ ಕೂತ. ಅವಳು ಅವನ ತೋಳು ಹಿಡಿದು ಎಳೆದಳು. ಅವನು ಕೊಡವಿದ. ಕೊಡವಿದ ರಭಸಕ್ಕೆ ಅವಳು ಫಲಕದ ಮೇಲೆ ಬಿದ್ದಳು. ಫಲಕ ಕಲ್ಲಿಗೆ ಬಡಿದು ಒಂದು ಮೂಲೆ ಮಡಚಿಹೋಯಿತು. ಅವಳ ಮೊಣಕೈ ತರಚಿ ರಕ್ತ ಬಂತು. ಜನ ಮೊಬೈಲು ಎತ್ತಿ ಹಿಡಿದರು. ಗೇಟಿನ ಕಾವಲುಗಾರರಿಬ್ಬರು ಓಡಿಬಂದು ಮಾವನ ಕಂಕುಳಿಗೆ ಕೈಹಾಕಿ ಎತ್ತಿದರು. ಇಬ್ಬರೂ ಅವನ ಮುಂದೆ ಚಡ್ಡಿ ಹಾಕಿಕೊಂಡು ಬೆಳೆದವರು. ಎತ್ತುವಾಗ ನೆಲ ನೋಡುತ್ತಿದ್ದರು.

ಬಾಗಿದ ಮೂಲೆಯೊಂದಿಗೇ ಫಲಕ ನಿಂತಿತು. ಅವಳು ವ್ಯಾನಿನಲ್ಲಿ ಕೂತು ನಮೂನೆ ತೆಗೆದಳು. ಕಾಲಂನ ಮುಂದೆ ಪೆನ್ನು ಬಹಳ ಹೊತ್ತು ನಿಂತಿತು. ಬೋಲ್ಟಣ್ಣ ಹೊರಗೆ ನಿಂತು ಬೀಡಿಯ ಮೇಲೆ ಬೀಡಿ ಸೇದಿದ, ಒಳಗೆ ಇಣುಕಲಿಲ್ಲ. ನಿನ್ನೆ ನಾಲ್ವರ ಹೆಸರು ಬರೆದವಳು ಇವತ್ತು ಬರೆಯದಿದ್ದರೆ ತಾನೂ ಆ ಸುಳ್ಳುಗಾರರಂತೆಯೇ ಅಂತ ಅವಳು ತನಗೆ ತಾನೇ ಹೇಳಿಕೊಂಡಳು. ಬರೆದಳು. ಬರೆಯುವಾಗ ಒಳಗೆಲ್ಲೋ ಖುಷಿಯೂ ಆಯಿತು. ಆ ಖುಷಿ ಅವಳಿಗೇ ಹೇಸಿಗೆ ತಂದಿತು.

ಮಾವನ ಗೈಡು ಪರವಾನಗಿ ಮೂರು ತಿಂಗಳು ಅಮಾನತಾಯಿತು.

ಅಮ್ಮ ಫೋನು ಮಾಡಿ ಬೈಯಲಿಲ್ಲ. “ನೀನು ಬರೆದಿದ್ದು ಸರಿ ಇರಬಹುದು. ಆದ್ರೆ ಆ ಮನೆ ಹೊಸಿಲು ನಾನು ಯಾವ ಮುಖ ಹೊತ್ಕೊಂಡು ದಾಟಲಿ, ಹೇಳು,” ಅಂದು ಇಟ್ಟುಬಿಟ್ಟಳು.

ಎರಡು ವಾರ ತಡೆದು ಅವಳು ಮಾವನ ಮನೆಗೆ ಹೋದಳು. ಕ್ಷಮೆ ಕೇಳಲು ಹೊರಟಿರಲಿಲ್ಲ. ಒಂದು ಮಾತು ಅವನ ಎದುರಿಗೇ ಹೇಳಬೇಕಿತ್ತು. ಅತ್ತೆ ಬಾಗಿಲು ತೆಗೆದಳು, ದಾರಿ ಬಿಟ್ಟಳು, ಬಾ ಅನ್ನಲಿಲ್ಲ. ಮಾವ ನಡುಮನೆಯಲ್ಲಿ ಕೂತು ಚಪ್ಪಲಿಯ ಹರಿದ ಉಂಗುಷ್ಠಕ್ಕೆ ದಾರ ಹೊಲಿಯುತ್ತಿದ್ದ. ಖಾಕಿ ಕೋಟು ಮೊಳೆಗೆ ನೇತುಬಿದ್ದಿತ್ತು, ಬಿಲ್ಲೆ ಇದ್ದ ಜಾಗದಲ್ಲಿ ಎರಡು ಸಣ್ಣ ತೂತು.

“ಕೂತ್ಕೊಳ್ಳಿ ಮೇಡಂ.”

“ನಿಂತೇ ಹೇಳ್ತೀನಿ,” ಅಂದಳು. “ನಾನು ಎಂಟೊಂಬತ್ತು ವರ್ಷದವಳಿದ್ದಾಗ ರಜೆ ಬಂತು ಅಂದ್ರೆ ನನ್ನ ಕೊಳದ ಹತ್ರ ಕರ್ಕೊಂಡು ಹೋಗ್ತಿದ್ರಿ. ರಾಣಿ ಮಗಳು ಇದೇ ವಯಸ್ಸಿನವಳು, ನೋಡಿ ಅಂತ ಎತ್ತಿ ಕಟ್ಟೆ ಮೇಲೆ ನಿಲ್ಲಿಸ್ತಿದ್ರಿ. ಒಂದು ದಿನ ಜನ ಜಾಸ್ತಿ ಇದ್ರು. ನನ್ನ ಎರಡೂ ಕೈ ಹಿಡಿದು ನೀರಿನ ಮೇಲೆ ವಾಲಿಸಿದ್ರಿ. ಹೀಗೇ ನೇತಾಡ್ತಿದ್ಳು ಪಾಪ ಅಂತ. ನಾನು ಹೆದರಿ ಲಂಗದಲ್ಲೇ ಉಚ್ಚೆ ಹೊಯ್ಕೊಂಡೆ. ಕಟ್ಟೆ ಮೇಲೆಲ್ಲ ಹರೀತು. ಅಷ್ಟೂ ಜನ ನಕ್ಕರು. ನೀವೂ ನಕ್ಕಿರಿ.”

ಮಾವ ಸೂಜಿ ನಿಲ್ಲಿಸಿ ಯೋಚಿಸಿದ. ನಿಜಕ್ಕೂ ಯೋಚಿಸಿದ, ಅದು ಅವನ ಹಣೆಯಲ್ಲಿ ಕಾಣುತ್ತಿತ್ತು.

“ನೆನಪಿಲ್ಲ,” ಅಂದ. “ಎಷ್ಟೋ ದಿನ ನಿಲ್ಲಿಸಿದೀನಿ. ಯಾವ ದಿನ ಅಂತ ಹೇಳಲಿ?”

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅತ್ತೆ ಹೇಳಿದಳು, “ಆ ಲಂಗ ಒಗೆದಿದ್ದು ನಾನು. ಹಸಿರು ಲಂಗ. ಮೂರು ದಿನ ಜ್ವರ ಬಂದಿತ್ತು ಮಗೂಗೆ. ಹೇಳಿದ್ರೆ ನಿಮ್ಮ ಕಿವಿಗೆ ಬೀಳಲಿಲ್ಲ.”

ಮಾವ ಹೆಂಡತಿಯ ಕಡೆ ನೋಡಿದ, ಸೊಸೆಯ ಕಡೆ ನೋಡಿದ. ಮನೆಯಲ್ಲಿ ತನ್ನ ಪಕ್ಷ ಯಾರೂ ಇಲ್ಲ ಅನ್ನಿಸಿರಬೇಕು, ಮುಖ ಇನ್ನಷ್ಟು ಬಿಗಿಯಿತು.

“ಸರಿ. ನಡೆದಿರಬಹುದು. ತಪ್ಪೇ ಅದು. ಅದಕ್ಕೆ ಮನೆಗೆ ಬಂದು ಬೈಬೇಕಿತ್ತು. ಕಪಾಳಕ್ಕೆ ಬಾರಿಸಿದ್ರೂ ಬಾರಿಸಿಕೊಳ್ತಿದ್ದೆ. ಮೂವತ್ತು ವರ್ಷ ಹೊಟ್ಟೇಲಿಟ್ಕೊಂಡು, ಅದನ್ನ ಸರ್ಕಾರದ ಕಂಬಕ್ಕೆ ಯಾಕೆ ನೇತುಹಾಕಿದ್ರಿ?”

“ಬರೆದಿದ್ದು ಸುಳ್ಳಾ?”

“ಸುಳ್ಳಲ್ಲ. ಆ ಕೊಳದಲ್ಲಿ ಸೊಂಟಮಟ್ಟ ನೀರು, ಅಲ್ಲಿ ಬಿದ್ದು ಸಾಯೋಕೆ ಹರಸಾಹಸ ಮಾಡ್ಬೇಕು. ನನಗೆ ಗೊತ್ತಿಲ್ವಾ? ನಿಮ್ಮ ನಿಜ ಇಟ್ಕೊಂಡು ನೀವು ಸುಖವಾಗಿರಿ. ಮೂವತ್ತೆಂಟು ವರ್ಷ ಆ ಕಟ್ಟೆ ಮೇಲೆ ನಿಂತೋನನ್ನ ಕಂಕುಳಿಗೆ ಕೈಹಾಕಿ ಎತ್ತಿಸಿದ್ರಲ್ಲ, ಅದು ಯಾವ ಕಡತದಲ್ಲಿ ಬರೀತೀರಿ?”

‘ನೀನು’ ಅನ್ನಿ ಮಾವ, ಒಂದು ಸಲ ‘ನೀನು’ ಅಂದು ಬೈಯಿರಿ ಅಂತ ಕೇಳಬೇಕೆನ್ನಿಸಿತು. ಕೇಳಲಿಲ್ಲ. ತಿರುಗಿ ಹೊರಟಳು. ಹಿಂದೆ ಚಿಲಕದ ಸದ್ದಾಯಿತು. ಹಾಕಿದ್ದು ಅತ್ತೆಯೋ, ಮಾವನೋ, ತಿರುಗಿ ನೋಡಲಿಲ್ಲ.

ಕಚೇರಿಗೆ ಬಂದು ಅವಳು ಒಂದು ಅರ್ಜಿ ಬರೆದಳು. ಕೋಟೆಯ ಫಲಕದ ಮೂಲೆ ಬಾಗಿದೆ, ಹೊಸದು ಮಾಡಿಸಬೇಕು, ಅದರಲ್ಲಿ ಕೊಳ ಕಟ್ಟಿದ ಕಾಲ ಮತ್ತು ಉದ್ದೇಶ ಇದ್ದರೆ ಸಾಕು, ಎರಡನೇ ವಾಕ್ಯ ಬೇಡ. ಮೇಲಧಿಕಾರಿ ಕನ್ನಡಕದ ಮೇಲಿಂದ ನೋಡಿದರು.

“ಎರಡನೇ ವಾಕ್ಯ ತಪ್ಪಾ?”

“ತಪ್ಪಲ್ಲ ಸರ್. ಬೇಕಿರಲಿಲ್ಲ.”

“ತಪ್ಪಿಲ್ಲ ಅಂದಮೇಲೆ ಇರಲಿ ಬಿಡಿ. ಮೂಲೆ ಬೇಕಾದ್ರೆ ಸುತ್ತಿಗೇಲಿ ತಟ್ಟಿಸಿ.”

ತಟ್ಟಲು ಬೋಲ್ಟಣ್ಣ ಹೋಗುವ ಹೊತ್ತಿಗೆ ಮೂರು ತಿಂಗಳು ಮುಗಿದು ಮಾವ ಕೋಟು ಹಾಕಿಕೊಂಡಾಗಿತ್ತು. ಹೋಗಿ ಬಂದವನು ವರದಿ ಒಪ್ಪಿಸಿದ. ಜನ ಮೊದಲಿನಷ್ಟೇ ಇದ್ದಾರೆ. ಮಾವ ಈಗ ಕೊಳಕ್ಕೆ ಉತ್ತರದ ಮೆಟ್ಟಿಲಿಂದ ಕರೆತರುತ್ತಾನೆ, ಫಲಕ ಬೆನ್ನಿಗೆ ಬೀಳುವ ಹಾಗೆ. ರಾಣಿ ಎಂದಿನಂತೆ ಹಾರುತ್ತಾಳೆ.

“ಫಲಕದ ವಿಷ್ಯ ಯಾರೂ ಕೇಳಲ್ವಾ?”

ಬೋಲ್ಟಣ್ಣ ಸುತ್ತಿಗೆಯನ್ನು ಚೀಲಕ್ಕೆ ಹಾಕಿ, ಮತ್ತೆ ತೆಗೆದು, ಮತ್ತೆ ಹಾಕಿದ.

“ಒಬ್ಬ ಕೇಳಿದ ಮೇಡಂ.”

“ಏನಂದ್ರು ಮಾವ?”

“ಅದನ್ನ ಬರೆದೋಳಿಗೆ ತಮ್ಮೋರು ಅಂತ ಯಾರೂ ಇಲ್ಲ, ಅವಳ ಮಾತು ಮನಸ್ಸಿಗೆ ಹಚ್ಕೋಬೇಡಿ ಅಂದ್ರು.”

ಅವಳು ಮೇಜಿನ ಮೇಲಿದ್ದ ಕಾಗದಗಳನ್ನು ಒಂದರ ಮೇಲೊಂದು ಜೋಡಿಸಿದಳು.

“ಜನ ಏನಂದ್ರು?”

“ಅಯ್ಯೋ ಪಾಪ ಅಂದ್ರು,” ಅಂದ ಬೋಲ್ಟಣ್ಣ.